ಅರ್ಥ, ಅರ್ಧ ಬೇರೆಬೇರೆ ಕಾಣಬೇಕು: ಸ್ಕ್ರೀನಿನ ಅಕ್ಷರ, ಐಕಾನ್ ಹೊಂದಿಸಿಕೊಂಡ ನನ್ನ ಅನುಭವ

ಹಾಸನದಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಆಗೊಮ್ಮೆ ಈಗೊಮ್ಮೆ ಕವನ ಸಂಕಲನ. ಬೆಳಗಿನಿಂದ ಸಂಜೆವರೆಗೆ ಕಣ್ಣೆದುರು ಕನ್ನಡ ಅಕ್ಷರವೇ. ಕನ್ನಡ ಓದುವಾಗ ಕಣ್ಣಿಗೆ ಜಾಸ್ತಿ ಕೆಲಸ ಕೊಡುವುದು ಅಕ್ಷರದ ಸಣ್ಣ ಸಣ್ಣ ಗುರುತುಗಳು. ದ ಹೊಟ್ಟೆ ಸೀಳಿದರೆ ಧ. ಅದರೊಳಗೆ ಒಂದು ಚುಕ್ಕಿ ಬಂದರೆ ಥ. ರ, ಠ ನಡುವೆಯೂ ಇರುವುದು ಒಂದು ಚುಕ್ಕಿ ಮಾತ್ರ. ಅಕ್ಷರದ ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಸ್ಕ್ರೀನಿನಲ್ಲಿ ಇವು ಕಾಣದಿದ್ದರೆ ಪ್ರೂಫ್ ನೋಡಿಯೂ ನೋಡದ ಹಾಗೆಯೇ ಅಲ್ವಾ.

ನಲವತ್ತು ದಾಟಿ ಚಾಳೀಸು ಬಂದ ಮೇಲೆ ನಾನು ಈ ವಿಷಯವನ್ನು ಸರಿಯಾಗಿ ಕಲಿತುಕೊಂಡೆ. ಈಗ ಅಂಗಡಿಯ ಎಲ್ಲಾ ಕಂಪ್ಯೂಟರಿಗೂ ನಾನೇ ಹೊಂದಿಸಿಕೊಡುತ್ತೇನೆ. ಪ್ರೂಫ್ ನೋಡಲು ಬರುವವರ ಮನೆ ಲ್ಯಾಪ್‌ಟಾಪಿಗೂ ಮಾಡಿಕೊಟ್ಟಿದ್ದೇನೆ. ನಮ್ಮಲ್ಲಿರುವುದೆಲ್ಲಾ ವಿಂಡೋಸ್, ಹಾಗಾಗಿ ಇಲ್ಲಿ ಹೇಳುವುದೂ ಅದರದ್ದೇ.

ಮೊದಲು ಅಕ್ಷರ ಯಾಕೆ ಚಿಕ್ಕದಾಗಿ ಕಾಣುತ್ತದೆ ಅಂತ ತಿಳಿದುಕೊಳ್ಳಬೇಕು. ಸ್ಕೇಲ್, ಅಂದರೆ ಸ್ಕ್ರೀನಿನಲ್ಲಿ ಎಲ್ಲವನ್ನೂ ಎಷ್ಟು ದೊಡ್ಡದಾಗಿ ತೋರಿಸಬೇಕು ಅನ್ನುವ ಸೆಟ್ಟಿಂಗ್, 100 ಪರ್ಸೆಂಟ್ ಇದ್ದಾಗ ವಿಂಡೋಸ್ ಒಂದು ಇಂಚಿಗೆ 96 ಚುಕ್ಕಿ (ಪಿಕ್ಸೆಲ್) ಎಂಬ ಲೆಕ್ಕದಲ್ಲಿ ಅಕ್ಷರ ಬಿಡಿಸುತ್ತದೆ. ಆದರೆ 14 ಇಂಚಿನ ಲ್ಯಾಪ್‌ಟಾಪಿನಲ್ಲಿ 1920×1080 ರೆಸಲ್ಯೂಷನ್, ಅಂದರೆ ಅಡ್ಡಕ್ಕೆ 1920, ಎತ್ತರಕ್ಕೆ 1080 ಚುಕ್ಕಿ ಇದ್ದರೆ ಇಂಚಿಗೆ ಸುಮಾರು 157 ಚುಕ್ಕಿ ಇರುತ್ತವೆ. ಅಂದರೆ 12 ಪಾಯಿಂಟಿನಲ್ಲಿ ಟೈಪ್ ಮಾಡಿದ ಅಕ್ಷರ ಅಲ್ಲಿ ಏಳು ಪಾಯಿಂಟ್ ಚಿಲ್ಲರೆಯಷ್ಟೇ ಕಾಣುತ್ತದೆ. ಏಳು ಪಾಯಿಂಟಿನಲ್ಲಿ ಯಾರಾದರೂ ಕನ್ನಡ ಪುಸ್ತಕ ಅಚ್ಚು ಹಾಕಿಸುತ್ತಾರಾ?

ಇದಕ್ಕೆ ತುಂಬಾ ಜನ ರೆಸಲ್ಯೂಷನ್ ಇಳಿಸುತ್ತಾರೆ. 1920×1080 ಇದ್ದದ್ದನ್ನು 1366×768 ಮಾಡಿದರೆ ಎಲ್ಲಾ ದೊಡ್ಡದಾಗುತ್ತದೆ, ನಿಜ. ಆದರೆ ಸ್ಕ್ರೀನಿನಲ್ಲಿರುವ ಚುಕ್ಕಿಗಳ ಸಂಖ್ಯೆ ಬದಲಾಗುವುದಿಲ್ಲ. ಚಿತ್ರದ ಒಂದು ಚುಕ್ಕಿಯನ್ನು ಅಲ್ಲಿ ಅಡ್ಡಕ್ಕೂ ಎತ್ತರಕ್ಕೂ ಹೆಚ್ಚುಕಮ್ಮಿ 1.4 ಚುಕ್ಕಿಯ ಮೇಲೆ ಹರಡಬೇಕಾಗುತ್ತದೆ. ಅಂಚು ಮಸುಕಾಗುತ್ತದೆ, ಥ ಒಳಗಿನ ಚುಕ್ಕಿ ಮುಚ್ಚಿಹೋಗುತ್ತದೆ. ಅಕ್ಷರ ದೊಡ್ಡದಾಗಿಯೂ ಓದಲು ಆಗಲ್ಲ. ರೆಸಲ್ಯೂಷನ್ ಪಟ್ಟಿಯಲ್ಲಿ 'ರೆಕಮೆಂಡೆಡ್' ಅಂತ ಬರೆದದ್ದನ್ನೇ ಬಿಟ್ಟು ಸ್ಕೇಲ್ ಬದಲಿಸುವುದೇ ಸರಿಯಾದ ದಾರಿ. ಸ್ಕೇಲ್ ಹೆಚ್ಚಿಸಿದರೆ ಅಕ್ಷರದ ಗೆರೆಯನ್ನೇ ಹೊಸದಾಗಿ, ಹೆಚ್ಚು ಚುಕ್ಕಿಗಳಲ್ಲಿ ಬಿಡಿಸಲಾಗುತ್ತದೆ.

ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆಗೆದರೆ ಸ್ಕೇಲ್ ಸಿಗುತ್ತದೆ. 100, 125, 150 ಹೀಗೆ ಪಟ್ಟಿ ಇರುತ್ತದೆ. ಎಷ್ಟು ಇಡಬೇಕು ಅನ್ನುವುದಕ್ಕೆ ನನ್ನದೊಂದು ಪರೀಕ್ಷೆ ಇದೆ. ಒಂದು ಸಾಲು ಟೈಪ್ ಮಾಡಿಟ್ಟುಕೊಂಡಿದ್ದೇನೆ: 'ಅರ್ಥ, ಅರ್ಧ, ಸ್ವಾತಂತ್ರ್ಯ, ಕಠಿಣ, ಕರಿಣಿ.' ಕೊನೆಯದಕ್ಕೆ ಹೆಣ್ಣಾನೆ ಅಂತ ಅರ್ಥ, ದಿನಬಳಕೆಯ ಪದ ಅಲ್ಲ, ಠ ಪಕ್ಕಕ್ಕೆ ರ ಬೇಕಲ್ಲ, ಅದಕ್ಕೆ ಸೇರಿಸಿದ್ದು. ಕೂರುವವರು ಬೆನ್ನು ಕುರ್ಚಿಗೆ ಒರಗಿಸಿ, ಸ್ಕ್ರೀನಿನಿಂದ ಒಂದು ತೋಳಿನಷ್ಟು ದೂರ ಕೂತು ಓದಬೇಕು. ಅರ್ಥ, ಅರ್ಧ ಎರಡನ್ನೂ ತಡವರಿಸದೆ ಓದಿದರೆ ಅಷ್ಟು ಸಾಕು. ಮುಂದೆ ಬಗ್ಗಿದರೆ ಇನ್ನೊಂದು ಮೆಟ್ಟಿಲು ಏರಿಸುತ್ತೇನೆ. ಬೈಫೋಕಲ್ ಕನ್ನಡಕದವರನ್ನು ಸ್ವಲ್ಪ ಗಮನಿಸಬೇಕು. ಅವರು ಗಾಜಿನ ಕೆಳಭಾಗದಿಂದ ನೋಡಲು ಗದ್ದ ಎತ್ತುತ್ತಾರೆ, ಸಂಜೆಗೆ ಕುತ್ತಿಗೆ ನೋವು. ಅವರಿಗೆ ಅಕ್ಷರ ದೊಡ್ಡದು ಮಾಡುವುದರ ಜೊತೆ ಮಾನಿಟರನ್ನೂ ತಗ್ಗಿಸಿಕೊಡುತ್ತೇನೆ.

ಸ್ಕೇಲ್ ಏರಿಸಿದಷ್ಟೂ ಕೆಲಸದ ಜಾಗ ಕಮ್ಮಿಯಾಗುತ್ತದೆ. 1920×1080ರಲ್ಲಿ 125 ಇಟ್ಟರೆ 1536×864ರಷ್ಟು ಜಾಗ, 150 ಇಟ್ಟರೆ 1280×720. ಪುಟ ವಿನ್ಯಾಸ ಮಾಡುವವರಿಗೆ 125 ಹಿತ. ಬರೀ ಓದುವವರಿಗೆ 150 ಒಳ್ಳೆಯದು. ಹಳೇ 1366×768 ಲ್ಯಾಪ್‌ಟಾಪಿನಲ್ಲಿ ಮಾತ್ರ ನಾನು ಸ್ಕೇಲ್ ಮುಟ್ಟುವುದಿಲ್ಲ. ಅಲ್ಲಿ 125 ಇಟ್ಟರೆ ಎತ್ತರ 614ಕ್ಕೆ ಇಳಿದು, ಕೆಲವು ಸಾಫ್ಟ್‌ವೇರಿನ ಓಕೆ ಬಟನ್ ಸ್ಕ್ರೀನಿನ ಕೆಳಗೆ ಹೋಗಿಬಿಡುತ್ತದೆ.

ಹಾಗಾದರೆ ಅಲ್ಲಿ ಏನು ಮಾಡುವುದು? ಅಕ್ಷರ ಮಾತ್ರ ದೊಡ್ಡದು ಮಾಡುವ ದಾರಿ ಬೇರೆ ಇದೆ. ವಿಂಡೋಸ್ ಕೀ ಮತ್ತು ಯು ಒಟ್ಟಿಗೆ ಒತ್ತಿದರೆ ಆಕ್ಸೆಸಿಬಿಲಿಟಿ ತೆರೆಯುತ್ತದೆ. ವಿಂಡೋಸ್ 11ರಲ್ಲಿ ಅದರೊಳಗೆ ಟೆಕ್ಸ್ಟ್ ಸೈಜ್ ಅಂತ ಇದೆ. ಅಲ್ಲಿರುವ ಸ್ಲೈಡರನ್ನು 100ರಿಂದ 225ರವರೆಗೆ ಎಳೆಯಬಹುದು. ಎಳೆದು ಸುಮ್ನೆ ಬಿಟ್ಟರೆ ಆಗುವುದಿಲ್ಲ, ಅಪ್ಲೈ ಒತ್ತಲೇಬೇಕು. ಮೆನು, ಫೈಲ್ ಹೆಸರು, ಐಕಾನ್ ಕೆಳಗಿನ ಬರಹ ದೊಡ್ಡದಾಗುತ್ತವೆ, ಐಕಾನ್ ಹಾಗೇ ಇರುತ್ತದೆ.

ನಮ್ಮಲ್ಲಿಗೆ ಒಬ್ಬ ನಿವೃತ್ತ ಮೇಷ್ಟ್ರು ಪ್ರೂಫ್ ನೋಡಲು ಬರುತ್ತಾರೆ. "ಏನಮ್ಮಾ, ಅಕ್ಷರ ಎಲ್ಲಾ ಇರುವೆ ಸಾಲಿನ ಹಾಗಿದೆ" ಅಂದರು. "ಒಂದ್ನಿಮಿಷ ಸಾರ್" ಅಂತ ಅವರ ಹೆಸರಲ್ಲೇ ಬೇರೆ ಯೂಸರ್ ಅಕೌಂಟ್ ಮಾಡಿ, ಅದರಲ್ಲಿ ಟೆಕ್ಸ್ಟ್ ಸೈಜ್ 150 ಇಟ್ಟೆ. ಈ ಸೈಜು ಒಬ್ಬೊಬ್ಬ ಯೂಸರಿಗೂ ಬೇರೆಬೇರೆ ಉಳಿಯುತ್ತದೆ. ಅವರು ಎದ್ದು ಹೋದ ಮೇಲೆ ಟೈಪ್ ಮಾಡುವ ಹುಡುಗಿ ತನ್ನ ಅಕೌಂಟಿಗೆ ಬಂದರೆ ಎಲ್ಲಾ ಅವಳಿಗೆ ಬೇಕಾದ ಹಾಗೇ ಇರುತ್ತದೆ. ಒಂದೇ ಕಂಪ್ಯೂಟರನ್ನು ಮನೆಮಂದಿಯೆಲ್ಲಾ ಬಳಸುವ ಕಡೆ ಇದನ್ನು ಮಾಡಿಕೊಳ್ಳಲೇಬೇಕು ಅಂತ ನನ್ನ ಅಭಿಪ್ರಾಯ. ದಿನಾ ಅಜ್ಜ ಏರಿಸುವುದು, ಮೊಮ್ಮಗ ಇಳಿಸುವುದು ತಪ್ಪುತ್ತದೆ.

ಐಕಾನ್ ವಿಷಯ ಸುಲಭ. ಡೆಸ್ಕ್‌ಟಾಪಿನಲ್ಲಿ ಕಂಟ್ರೋಲ್ ಒತ್ತಿ ಹಿಡಿದು ಮೌಸಿನ ಚಕ್ರ ತಿರುಗಿಸಿದರೆ ಬೇಕಾದಷ್ಟು ದೊಡ್ಡದು, ಚಿಕ್ಕದು. ರೈಟ್ ಕ್ಲಿಕ್ ಮಾಡಿ ವ್ಯೂ ಒಳಗೆ ಲಾರ್ಜ್, ಮೀಡಿಯಂ, ಸ್ಮಾಲ್ ಅಂತಲೂ ಆರಿಸಬಹುದು. "ಇದ್ದಕ್ಕಿದ್ದ ಹಾಗೆ ಐಕಾನ್ ಎಲ್ಲಾ ದಪ್ಪ ಆಗಿಬಿಟ್ಟಿದೆ" ಅಂತ ಫೋನ್ ಬಂದರೆ, ಗೊತ್ತಿಲ್ಲದೆ ಕಂಟ್ರೋಲ್ ಒತ್ತಿ ಚಕ್ರ ತಿರುಗಿಸಿರುತ್ತಾರೆ ಅಷ್ಟೇ. ಇಡೀ ಸ್ಕ್ರೀನೇ ದೊಡ್ಡದಾಗಿ, ಮೌಸ್ ಹೋದ ಕಡೆ ಓಡಾಡುತ್ತಿದ್ದರೆ ಅದು ಮ್ಯಾಗ್ನಿಫೈಯರ್. ವಿಂಡೋಸ್ ಕೀ ಜೊತೆ ಎಸ್ಕೇಪ್ ಒತ್ತಿದರೆ ಹೋಗುತ್ತದೆ.

ನಮ್ಮ ಕಸುಬಿನಲ್ಲಿ ಹುಷಾರಾಗಿರಬೇಕಾದ ಜಾಗ ಇನ್ನೊಂದಿದೆ. ಫೈಲಿನ ಒಳಗಿನ ಅಕ್ಷರ ಕಾಣಲಿಲ್ಲ ಅಂತ ಫಾಂಟ್ ಸೈಜ್ ಬದಲಿಸಬಾರದು, ಝೂಮ್ ಬದಲಿಸಬೇಕು. ಫಾಂಟ್ 12ರಿಂದ 16 ಮಾಡಿದರೆ ಅಚ್ಚಿನಲ್ಲೂ 16 ಬರುತ್ತದೆ, ಪುಟದ ಲೆಕ್ಕವೇ ಬದಲಾಗುತ್ತದೆ. ಝೂಮ್ 160 ಮಾಡಿದರೆ ಕಣ್ಣಿಗೆ ಮಾತ್ರ ದೊಡ್ಡದು, ಅಚ್ಚು ಇದ್ದ ಹಾಗೇ. ವರ್ಡ್, ಎಕ್ಸೆಲ್ ಎರಡರಲ್ಲೂ ಕಂಟ್ರೋಲ್ ಜೊತೆ ಚಕ್ರ ತಿರುಗಿಸಿದರೆ ಆಯಿತು. ಎಕ್ಸೆಲ್‌ನಲ್ಲಿ ಕನ್ನಡದ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿದ ಹಾಗೆ ಕಂಡರೆ ಅದು ಸೈಜಿನ ತೊಂದರೆ ಅಲ್ಲ, ಸಾಲಿನ ಎತ್ತರ ಸಾಲುತ್ತಿಲ್ಲ ಅಂತ. ಎಡಗಡೆ ಸಾಲಿನ ನಂಬರಿನ ಕೆಳಗಿನ ಗೆರೆ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಸ್ಕೇಲ್ ಏರಿಸಿದ ಮೇಲೆ ಹಳೇ ಕಾಲದ ಸಾಫ್ಟ್‌ವೇರ್ ಒಂದೇ ಮಸುಕಾಗಿ ಕಾಣುವುದುಂಟು. ಸ್ಕೇಲ್ ಗೊತ್ತಿಲ್ಲದ ಕಾಲದಲ್ಲಿ ಬರೆದ ಸಾಫ್ಟ್‌ವೇರನ್ನು ವಿಂಡೋಸ್ ಫೋಟೋ ಹಿಗ್ಗಿಸಿದ ಹಾಗೆ ಹಿಗ್ಗಿಸಿ ತೋರಿಸುತ್ತದೆ. ಅದರ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್. ಕೆಳಗೆ ಓವರ್‌ರೈಡ್ ಅಂತ ಇರುವ ಕಡೆ ಟಿಕ್ ಹಾಕಿ 'ಸಿಸ್ಟಮ್ ಎನ್‌ಹಾನ್ಸ್‌ಡ್' ಆರಿಸಿ ನೋಡಿ. ಕೆಲವಕ್ಕೆ ಅಕ್ಷರ ತಟ್ಟನೆ ತಿಳಿಯಾಗುತ್ತದೆ. ಆಗದಿದ್ದರೆ 'ಅಪ್ಲಿಕೇಷನ್' ಆರಿಸಿ. ಆಗ ಮಸುಕು ಹೋಗುತ್ತದೆ, ಆದರೆ ಬಟನ್‌ಗಳು ಪುಟ್ಟದಾಗುತ್ತವೆ. ನನಗೆ ಪ್ರೂಫ್ ಮುಖ್ಯ, ಹಾಗಾಗಿ ಪುಟ್ಟ ಬಟನ್ ಆದರೂ ಸರಿ ಅಂತ ಇಟ್ಟುಕೊಂಡಿದ್ದೇನೆ.

ಇನ್ನು ಬ್ರೌಸರ್. ಕಂಟ್ರೋಲ್ ಜೊತೆ ಪ್ಲಸ್ ಒತ್ತಿದರೆ ದೊಡ್ಡದು, ಮೈನಸ್ ಒತ್ತಿದರೆ ಚಿಕ್ಕದು, ಸೊನ್ನೆ ಒತ್ತಿದರೆ ಮೊದಲಿನಂತೆ. ಕ್ರೋಮ್ ಒಂದೊಂದು ತಾಣಕ್ಕೂ ಈ ಅಳತೆ ನೆನಪಿಟ್ಟುಕೊಳ್ಳುತ್ತದೆ. ಕನ್ನಡ ಓದುವವರು ಇನ್ನೊಂದು ಕೆಲಸ ಮಾಡಿಕೊಳ್ಳಿ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಅಪಿಯರೆನ್ಸ್, ಅದರೊಳಗೆ ಕಸ್ಟಮೈಸ್ ಫಾಂಟ್ಸ್, ಅಲ್ಲಿ ಮಿನಿಮಮ್ ಫಾಂಟ್ ಸೈಜ್ ಅನ್ನುವುದನ್ನು ಸ್ವಲ್ಪ ಏರಿಸಿ. ಇಂಗ್ಲಿಷಿಗೆ ಸರಿಹೋಗುವ ಸಣ್ಣ ಸೈಜಿನಲ್ಲೇ ಕನ್ನಡವನ್ನೂ ಹಾಕಿದ ಪುಟಗಳು ಅದಕ್ಕಿಂತ ಚಿಕ್ಕದಾಗಿ ಕಾಣುವುದಿಲ್ಲ. ನಾನು 16 ಇಟ್ಟಿದ್ದೇನೆ. ಒಂದೆರಡು ಪುಟಗಳಲ್ಲಿ ಮೆನು ಎರಡು ಸಾಲಿಗೆ ಮುರಿಯುತ್ತದೆ, ಓದಲು ಅದರಿಂದೇನೂ ಅಡ್ಡಿಯಾಗಿಲ್ಲ.