ಗರಿ ಸುಡುವುದರಿಂದ ಪಾಸ್ಖ ದೀಪದವರೆಗೆ: ಸಕ್ರಿಸ್ತಿಯ ಕೆಲಸ

ಈಸ್ಟರ್ ಹುಣ್ಣಿಮೆ ನೋಡಿ ಬರುವ ಹಬ್ಬ. ಮಾರ್ಚ್ 21ಕ್ಕೆ ಅಥವಾ ಅದರ ನಂತರ ಬೀಳುವ ಹುಣ್ಣಿಮೆ, ಅದು ಕಳೆದ ಮೇಲಿನ ಮೊದಲ ಭಾನುವಾರ. ಹೀಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವಾಗ ಬೇಕಾದರೂ ಬರಬಹುದು. ಹುಬ್ಬಳ್ಳಿ-ಧಾರವಾಡದ ಕಡೆ ಸಕ್ರಿಸ್ತಿಯ, ಅಂದರೆ ಚರ್ಚಿನ ಪೂಜಾ ಸಾಮಗ್ರಿಯ ಕೋಣೆಯ, ಕೆಲಸ ಹಚ್ಚಿಕೊಂಡವರು ಈ ಹುಣ್ಣಿಮೆಯನ್ನು ಊರಿನ ಪಂಚಾಂಗದಲ್ಲೂ ನೋಡಿಟ್ಟುಕೊಳ್ಳಬೇಕು. ಹಬ್ಬ ಮಾರ್ಚಿನಲ್ಲಿ ಬಂದರೆ ಸಾಮಾನ್ಯವಾಗಿ ಅದೇ ಹೋಳಿ ಹುಣ್ಣಿಮೆ. 2024ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 25ಕ್ಕೆ, ಶುಭ ಶುಕ್ರವಾರ (ಗುಡ್ ಫ್ರೈಡೇ) 29ಕ್ಕೆ ಇತ್ತು. 2027ರಲ್ಲಿ ಹುಣ್ಣಿಮೆ 22ಕ್ಕೆ, ಶುಭ ಶುಕ್ರವಾರ 26ಕ್ಕೆ. ಹುಬ್ಬಳ್ಳಿಯಲ್ಲಿ ಬಣ್ಣ ಆಡುವುದು ಹುಣ್ಣಿಮೆಯಾಗಿ ಐದನೇ ದಿನದ ರಂಗಪಂಚಮಿಗೆ. ಅಂದರೆ ಯೇಸು ಶಿಲುಬೆ ಹೊತ್ತ ನಡಿಗೆಯನ್ನು ನೆನೆಯುವ ನಮ್ಮ ಶಿಲುಬೆಯ ಹಾದಿಯ ಮೆರವಣಿಗೆಯೂ ಅವರ ಹಲಗಿ, ಬಣ್ಣದ ಬ್ಯಾರಲ್ಲುಗಳೂ ಆಸುಪಾಸಿನ ದಿನಗಳಲ್ಲೇ ಬೀದಿಗೆ ಇಳಿಯುತ್ತವೆ. ಹಬ್ಬ ಏಪ್ರಿಲ್ ಆರಂಭದಲ್ಲಿ ಬಂದರೆ ಹೆಚ್ಚಾಗಿ ದವನದ ಹುಣ್ಣಿಮೆ ಜೊತೆಗೆ ಬರುತ್ತದೆ. 2026ರಲ್ಲಿ ಪವಿತ್ರ ಗುರುವಾರವೂ ದವನದ ಹುಣ್ಣಿಮೆಯೂ ಒಂದೇ ದಿನ, ಏಪ್ರಿಲ್ 2. ಯಲ್ಲಮ್ಮನ ಗುಡ್ಡಕ್ಕೆ ಹೋಗುವವರಿಂದ ಧಾರವಾಡ-ಸವದತ್ತಿ ದಾರಿಯ ಬಸ್ಸುಗಳಲ್ಲಿ ಆಗ ಕಾಲಿಡಲು ಜಾಗ ಇರುವುದಿಲ್ಲ. ಹಳ್ಳಿಗಳಿಂದ ಸಂಜೆಯ ಬಲಿಪೂಜೆಗೆ (ಮಾಸ್) ಬರುವವರಿಗೆ ಟೆಂಪೋ ಮೊದಲೇ ಗೊತ್ತು ಮಾಡಿಡಬೇಕು. ಆದ್ದರಿಂದ ಜನವರಿಯಲ್ಲಿ ನಾನು ಮೊದಲು ಮಾಡುವ ಕೆಲಸವೆಂದರೆ ಈ ದಿನಗಳನ್ನೂ ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆಯ ವೇಳಾಪಟ್ಟಿಯನ್ನೂ ಒಂದೇ ಹಾಳೆಯ ಮೇಲೆ ಬರೆಯುವುದು. ಗಾಯನವೃಂದದ ಅರ್ಧ ಜನ ಪರೀಕ್ಷೆಯಲ್ಲಿರುತ್ತಾರೆ.

ಬೂದಿ ಬುಧವಾರ ಈಸ್ಟರಿಗೆ 46 ದಿನ ಮೊದಲು. ಭಾನುವಾರಗಳನ್ನು ಬಿಟ್ಟು ಎಣಿಸಿದರೆ ಈಸ್ಟರಿಗೆ ಸಿದ್ಧವಾಗುವ ತಪಸ್ಸುಕಾಲದ 40 ದಿನ. ಅಂದು ಹಣೆಗೆ ಹಚ್ಚುವ ಬೂದಿ ಹಿಂದಿನ ವರ್ಷ, ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರದಂದು ಮಂತ್ರಿಸಿದ ಗರಿಗಳದ್ದು. ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಗರಿಗಳನ್ನು ತಂದುಕೊಡಿ ಎಂದು ಮೂರು ಭಾನುವಾರ ಮುಂಚಿನಿಂದ ಹೇಳುತ್ತಿರಬೇಕು. ಬಾಗಿಲ ಬಳಿ ಒಂದು ಬುಟ್ಟಿ ಇಟ್ಟರೆ ಸಾಕು. ಬಂದ ಗರಿಗಳಲ್ಲಿ ಪ್ಲಾಸ್ಟಿಕ್ ರಿಬ್ಬನ್, ಸ್ಟೇಪಲ್ ಪಿನ್ನು, ಬಣ್ಣದ ದಾರ ಇದ್ದೇ ಇರುತ್ತವೆ. ಒಂದೊಂದನ್ನೂ ಕೈಯಿಂದ ಬಿಡಿಸಬೇಕು. ಪ್ಲಾಸ್ಟಿಕ್ ಸುಟ್ಟರೆ ಬೂದಿ ಅಂಟಂಟಾಗಿ ನಾರುತ್ತದೆ, ಆ ಬೂದಿಯನ್ನು ಚೆಲ್ಲುವುದೊಂದೇ ದಾರಿ. ತೆಂಗಿನ ಗರಿಯ ನಡುವಿನ ಕಡ್ಡಿಯನ್ನೂ ತೆಗೆಯುತ್ತೇನೆ, ಅದು ಗಟ್ಟಿ ಇದ್ದಿಲಾಗಿ ಉಳಿದು ಕುಟ್ಟುವಾಗ ಕಾಡುತ್ತದೆ.

ಮಾಳಿಗೆಯ ಮೇಲೆ ಎರಡು ಬಿಸಿಲು ಒಣಗಿಸಿ, ಕಬ್ಬಿಣದ ಕಡಾಯಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಸುಡಬೇಕು. ಉರಿ ಪೂರ್ತಿ ಆರುವವರೆಗೆ ಬಿಟ್ಟರೆ ಬೂದಿ ಬೆಳ್ಳಗೆ ಬೂರು ಬೂರಾಗುತ್ತದೆ. ಅದು ಹಣೆಯ ಮೇಲೆ ನಿಲ್ಲುವುದಿಲ್ಲ, ಕಾಣುವುದೂ ಇಲ್ಲ. ಜ್ವಾಲೆ ಇಳಿಯುತ್ತಿದ್ದಂತೆ ಮೇಲೊಂದು ತಗಡು ಮುಚ್ಚಿದರೆ ಗಾಳಿ ಸಿಗದೆ ಕರಿ ಹಾಗೇ ಉಳಿಯುತ್ತದೆ. ಬೇಕಾದದ್ದು ಆ ಕರಿಯೇ. ಆರಿದ ಮೇಲೆ ಖಲಬತ್ತಿನಲ್ಲಿ ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಟೀ ಸೋಸುವ ಜಾಲರಿ ಸಾಲದು. ಅದರಲ್ಲಿ ದಾಟಿ ಬಂದ ಕಣ ಮಕ್ಕಳ ಕಣ್ಣಿಗೆ ಬೀಳುತ್ತದೆ. ನೂರು ಜನಕ್ಕೆ ಒಂದು ಟೀ ಚಮಚ ಬೂದಿ ಎಂದು ಲೆಕ್ಕ ಹಿಡಿದರೆ ಧಾರಾಳವಾಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಬೂದಿಯನ್ನು ನೀರಿನಲ್ಲಿ ಕಲಸಬೇಡಿ. ಎಲೆಯ ಬೂದಿಯಲ್ಲಿ ಕ್ಷಾರ ಇರುತ್ತದೆ, ನೀರು ಸೇರಿ ಗಂಜಿಯಂತಾದರೆ ಚರ್ಮ ಸುಡುತ್ತದೆ, ಹಣೆಯ ಮೇಲೆ ಕೆಂಪು ಗಾಯವಾದ ಉದಾಹರಣೆಗಳಿವೆ. ಗುರುಗಳು ಮಂತ್ರಿಸುವಾಗ ತೀರ್ಥ ಚಿಮುಕಿಸುತ್ತಾರೆ, ಅಷ್ಟು ಹನಿಯಿಂದ ತೊಂದರೆ ಇಲ್ಲ. ಆದರೆ ಬೆಳಗಿನ ಪೂಜೆಯಲ್ಲಿ ಒದ್ದೆಯಾದದ್ದನ್ನು ಸಂಜೆಗೆ ಎತ್ತಿಡಬಾರದು. ಸಂಜೆಗೆ ಬೇರೆ ತಟ್ಟೆಯಲ್ಲಿ ಒಣ ಬೂದಿ ತೆಗೆದಿಡುತ್ತೇನೆ. ಅಂಟಬೇಕೆಂದರೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸಾಕು. ಗುರುಗಳ ಕೈ ತೊಳೆಯಲು ಅರ್ಧ ಲಿಂಬೆಹಣ್ಣು, ಬಿಸಿನೀರು ಇಟ್ಟಿರಬೇಕು. ಇಲ್ಲದಿದ್ದರೆ ಬಲಿಪೀಠದ ಬಿಳಿ ಬಟ್ಟೆಯ ಮೇಲೆ ಕರಿ ಬೆರಳು ಮೂಡುತ್ತದೆ. ಉಳಿದ ಬೂದಿ ಗಿಡದ ಬುಡದ ಮಣ್ಣಿಗೆ, ಗಟಾರಕ್ಕಲ್ಲ. ಅಂದು ಸಂಜೆ ಹಣೆಯ ಮೇಲೆ ಶಿಲುಬೆ ಹೊತ್ತು ಪೇಟೆಗೆ ಹೋದರೆ ಮೂರೆಳೆ ವಿಭೂತಿ ಧರಿಸಿದ ಅಂಗಡಿಯವರು ‘ನಿಮ್ಮದೂ ವಿಭೂತಿನೇ ಏನ್ರೀ?’ ಎಂದು ಕೇಳುತ್ತಾರೆ. ಹೌದು, ಈ ದಿನಕ್ಕೆ ವಿಭೂತಿ ಬುಧವಾರ ಎಂದೂ ಹೆಸರಿದೆ.

ಉಪವಾಸದ ನಿಯಮ ಚಿಕ್ಕದು. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, 18 ತುಂಬಿದವರಿಂದ 59ರವರೆಗಿನವರಿಗೆ ದಿನಕ್ಕೆ ಒಂದೇ ಪೂರ್ತಿ ಊಟ. ಮಾಂಸ ಬಿಡುವ ನಿಯಮ 14 ವರ್ಷದಿಂದ. ರೊಟ್ಟಿ, ಝುಣಕ, ಮಜ್ಜಿಗೆ ಇರುವ ನಾಡಿನಲ್ಲಿ ಇದೇನು ಕಷ್ಟದ ಉಪವಾಸವಲ್ಲ. ಕಷ್ಟವೆಲ್ಲ ಗಾಯನದವರಿಗೆ: ಅಲ್ಲೆಲೂಯ ಇಲ್ಲ, ಭಾನುವಾರದ ಮಹಿಮಾಗೀತೆ ಇಲ್ಲ, ಕೀಬೋರ್ಡು ಹಾಡಿಗೆ ಆಸರೆಯಾಗಲಷ್ಟೇ. ಬಲಿಪೀಠಕ್ಕೆ ಹೂವೂ ಇಲ್ಲ. ತಪಸ್ಸುಕಾಲದ ನಾಲ್ಕನೇ ಭಾನುವಾರ, ಮಾರ್ಚ್ 19ರ ಸಂತ ಜೋಸೆಫರ ಹಬ್ಬ, 25ರ ಮಂಗಳವಾರ್ತೆಯ ಹಬ್ಬಗಳಿಗೆ ಹೂವಿಡಬಹುದು.

ಶಿಲುಬೆಯ ಹಾದಿಗೆ ಮೆರವಣಿಗೆಯಲ್ಲಿ ಹೊರುವ ಶಿಲುಬೆಯನ್ನು ಸಾಗವಾನಿಯಲ್ಲಿ ಮಾಡಿಸಲು ಹೋಗಬೇಡಿ. ಎಂಟು ಅಡಿಯ ಉದ್ದ, ನಾಲ್ಕೂವರೆ ಅಡಿಯ ಅಡ್ಡ, ನಾಲ್ಕಿಂಚು-ಎರಡಿಂಚು ಪಟ್ಟಿ, ಸಿಲ್ವರ್ ಓಕ್ ಆದರೆ ಹತ್ತು-ಹನ್ನೊಂದು ಕಿಲೋದಲ್ಲಿ ಮುಗಿಯುತ್ತದೆ, ಹೆಣ್ಣುಮಕ್ಕಳೂ ಹೆಗಲು ಕೊಡಬಹುದು. ಕೂಡುವ ಜಾಗದಲ್ಲಿ ಎರಡೂ ಪಟ್ಟಿಗಳನ್ನು ಅರ್ಧರ್ಧ ಕಡಿದು ಕೂಡಿಸಿ ಎರಡು ಬೋಲ್ಟ್ ಹಾಕಿಸಬೇಕು. ಬರೀ ಮೊಳೆ ಹೊಡೆದದ್ದು ನಿಂತು ಪ್ರಾರ್ಥಿಸುವ ಏಳನೇ ಸ್ಥಳಕ್ಕೆ ಬರುವಷ್ಟರಲ್ಲಿ ಅಲುಗಾಡುತ್ತದೆ. ಹದಿನಾಲ್ಕು ಸ್ಥಳಗಳನ್ನು ರಸ್ತೆಯ ಎಡಬದಿಗೆ, ನೆರಳು ಸಿಗುವ ಕಡೆ ಗುರುತಿಸಿ, ಪೊಲೀಸ್ ಠಾಣೆಗೆ ಕೊಡುವ ಅರ್ಜಿಯಲ್ಲಿ ಧ್ವನಿವರ್ಧಕದ ಅನುಮತಿಯನ್ನೂ ಸೇರಿಸಿ ಬರೆಯಬೇಕು. ಬೆಳಗಿನ 7ಕ್ಕೆ ಹೊರಟರೆ 9ರೊಳಗೆ ವಾಪಸ್. ಬರಿಗಾಲಿನಲ್ಲಿ ನಡೆಯುವ ಹರಕೆಯವರು ಇರುತ್ತಾರೆ, ಮಧ್ಯಾಹ್ನದ ಡಾಂಬರಿನ ಮೇಲೆ ಅವರ ಅಂಗಾಲಿನ ಗತಿ ನೆನೆದು ಸಮಯ ಇಡಬೇಕು.

ಗರಿಗಳ ಭಾನುವಾರಕ್ಕೆ ಈಚಲವೋ ತೆಂಗೋ ಎಂಬ ಚರ್ಚೆ ಪ್ರತಿ ವರ್ಷದ್ದು. ಈಚಲ ಹಳ್ಳದ ದಂಡೆಯಲ್ಲಿ ಪುಕ್ಕಟೆ ಸಿಗುತ್ತದೆ, ಆದರೆ ಬುಡದ ಗರಿಗಳೆಲ್ಲ ಮುಳ್ಳು, ಕತ್ತರಿಸಿ ತೆಗೆಯದೆ ಮಕ್ಕಳ ಕೈಗೆ ಕೊಡುವಂತಿಲ್ಲ. ಬಲಿತ ತೆಂಗಿನ ಒಂದು ಗರಿಯಲ್ಲಿ ಇನ್ನೂರಕ್ಕೂ ಮಿಕ್ಕಿ ಎಲೆ ಇರುತ್ತವೆ. ಹರಿದದ್ದು, ಹುಳ ಹಿಡಿದದ್ದು ತೆಗೆದು ಐನೂರು ಜನಕ್ಕೆ ನಾಲ್ಕು ಗರಿ ಸಾಕು. ಎಳೆಯದು ಚಂದ ಎಂದು ಸುಳಿಯನ್ನೇ ಕಡಿಸಬಾರದು. ಅದೊಂದೇ ಆ ಮರದ ಬೆಳೆಯುವ ತುದಿ, ಮರವೇ ಹೋದೀತು. ಶನಿವಾರ ಸಂಜೆ ಕೊಯ್ದು, ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿಗಿಟ್ಟರೆ ಬೆಳಗ್ಗೆ ಹಸಿರಾಗೇ ಇರುತ್ತದೆ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಎಲ್ಲವೂ 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದವು. ಧರ್ಮಾಧ್ಯಕ್ಷರು (ಬಿಷಪ್) ತೈಲಗಳನ್ನು ಮಂತ್ರಿಸುವ ಪೂಜೆಯಿಂದ ಮೂರು ಶೀಶೆ ಬರಬೇಕು: ರೋಗಿಗಳ ತೈಲ, ಜ್ಞಾನಸ್ನಾನಾರ್ಥಿಗಳ ತೈಲ, ಸುಗಂಧ ಬೆರೆಸಿದ ಕ್ರಿಸ್ಮ. ಮೂರೂ ಒಂದೇ ಬಣ್ಣದ ಎಣ್ಣೆಯಂತೆ ಕಾಣುವುದರಿಂದ ಹೋಗುವ ಮೊದಲೇ ಶೀಶೆಗಳಿಗೆ ಮೂರು ಬಣ್ಣದ ದಾರ ಕಟ್ಟಿ ಕೊಡುತ್ತೇನೆ. ಚೀಟಿ ಅಂಟಿಸಿದರೆ ಎಣ್ಣೆ ತಾಗಿ ಅಕ್ಷರ ಅಳಿಸಿಹೋಗುತ್ತದೆ.

ಪವಿತ್ರ ಗುರುವಾರದ ದೊಡ್ಡ ತಲೆನೋವು ಅಪ್ಪಗಳ, ಅಂದರೆ ಪರಮಪ್ರಸಾದವಾಗಿ ಕೊಡುವ ತೆಳು ರೊಟ್ಟಿ ಬಿಲ್ಲೆಗಳ, ಎಣಿಕೆ. ಶುಭ ಶುಕ್ರವಾರ ಬಲಿಪೂಜೆ ಇರುವುದಿಲ್ಲ, ಆದ್ದರಿಂದ ಎರಡೂ ದಿನಕ್ಕೆ ಬೇಕಾದದ್ದನ್ನು ಗುರುವಾರವೇ ಅರ್ಪಿಸಬೇಕು. ಪೂಜೆ ಶುರುವಾಗುವಾಗ ಪರಮಪ್ರಸಾದದ ಪೆಟ್ಟಿಗೆ ಖಾಲಿ ಇರಬೇಕು, ಅಂದರೆ ಹಳೆಯದರಿಂದ ಸರಿದೂಗಿಸುವ ಹಾಗೂ ಇಲ್ಲ. ನಾನು ಹಿಂದಿನ ವರ್ಷದ ಎರಡೂ ದಿನದ ಸಂಖ್ಯೆ ಕೂಡಿಸಿ, ಮೇಲೆ ನೂರಕ್ಕೆ ಹದಿನೈದು ಸೇರಿಸುತ್ತೇನೆ. ಒಂದೊಂದೇ ಎಣಿಸುತ್ತ ಕೂರುವುದಿಲ್ಲ. ನೂರನ್ನು ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ, ಉಳಿದದ್ದನ್ನು ಆ ತೂಕದ ಮೇಲೆ ಅಳೆಯುತ್ತೇನೆ. ಶುಕ್ರವಾರದ ಜನ ಯಾವಾಗಲೂ ಗುರುವಾರದ್ದಕ್ಕಿಂತ ಜಾಸ್ತಿ. ವರ್ಷವಿಡೀ ಮುಖ ತೋರಿಸದ ಕಾಕಾಗಳೆಲ್ಲ ಅಂದು ಬರುತ್ತಾರೆ, ಬರಲಿ.

ಪಾದ ತೊಳೆಯುವ ವಿಧಿಗೆ ಹನ್ನೆರಡು ಜನರನ್ನು ಆರಿಸುವುದು ರೂಢಿ. 2016ರ ಜನವರಿಯಿಂದ ಹೆಣ್ಣುಮಕ್ಕಳನ್ನೂ ಸೇರಿಸಬಹುದು. ಬಲಗಾಲು ಎಂದು ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ಗುರುಗಳು ಮಂಡಿಯೂರಿ ಕಾಯುತ್ತಿರುವಾಗ ಅಜ್ಜಾರು ಎರಡೂ ಮೆಟ್ಟು ಬಿಚ್ಚುತ್ತ ಕೂರುತ್ತಾರೆ. ಉಗುರುಬೆಚ್ಚಗಿನ ನೀರು, ಆಳವಾದ ಬೋಗುಣಿ, ತಲೆಗೊಂದು ಟವೆಲ್. ಮಹಿಮಾಗೀತೆಗೆ ಗಂಟೆಗಳೆಲ್ಲ ಬಾರಿಸಿದ ಮೇಲೆ ಶನಿವಾರ ರಾತ್ರಿಯ ಮಹಿಮಾಗೀತೆಯವರೆಗೆ ಮೌನ. ಗೋಪುರದ ಗಂಟೆಯ ಹಗ್ಗವನ್ನು ಮೇಲಕ್ಕೆ ಕಟ್ಟಿಬಿಡಿ, ಹುಡುಗರ ಕೈ ಸುಮ್ಮನಿರದು. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಪೀಠದ ಮೇಲೆ ಬಟ್ಟೆ, ದೀಪ, ಶಿಲುಬೆ ಏನೂ ಇರಬಾರದು. ಆರಾಧನೆಗೆ ಒಂದೇ ಶಿಲುಬೆ. ಸಾಲು ಉದ್ದವಾಯಿತೆಂದು ನಾಲ್ಕು ಶಿಲುಬೆ ಇಡುವುದು ತಪ್ಪು. ಜನ ಮಿತಿಮೀರಿದ್ದರೆ ಗುರುಗಳು ಎತ್ತಿ ಹಿಡಿದು ಎಲ್ಲರೂ ಮೌನವಾಗಿ ನಮಿಸುವ ಅವಕಾಶ ವಿಧಿಯಲ್ಲೇ ಇದೆ.

ಇನ್ನು ಶನಿವಾರ ರಾತ್ರಿ. ವರ್ಷದ ಕೆಲಸವೆಲ್ಲ ಒಂದು ತೂಕವಾದರೆ ಈ ಪಾಸ್ಖ (ಈಸ್ಟರ್) ಜಾಗರಣೆಯೇ ಒಂದು ತೂಕ. ಕತ್ತಲಾದ ಮೇಲೆಯೇ ಶುರುವಾಗಬೇಕು. ಏಪ್ರಿಲ್ ಆರಂಭಕ್ಕೆ ಹುಬ್ಬಳ್ಳಿಯಲ್ಲಿ ಸೂರ್ಯ ಮುಳುಗುವುದು ಸುಮಾರು 6.40ಕ್ಕೆ, ಆದ್ದರಿಂದ ಏಳೂವರೆಗೆ ಮೊದಲು ಬೆಂಕಿ ಹೊತ್ತಿಸಿದರೆ ಕತ್ತಲಲ್ಲಿ ಬೆಳಕು ಎಂಬ ಮಾತಿಗೇ ಅರ್ಥವಿಲ್ಲ. ‘ಕೊನೇ ಬಸ್ ತಪ್ಪತದ್ರೀ’ ಎಂದು ಆರೂವರೆಗೆ ಮಾಡಿಸಲು ಒತ್ತಾಯ ಬರುತ್ತದೆ. ಒಪ್ಪಬಾರದು, ಅದರ ಬದಲು ಮರಳಿ ಹೋಗಲು ಗಾಡಿ ಮಾಡಿಕೊಡಬೇಕು.

ಬೆಂಕಿಗೆ ಸೀಮೆಎಣ್ಣೆ, ಪೆಟ್ರೋಲು ಮುಟ್ಟಿಸುವುದಿಲ್ಲ. ನಮ್ಮ ಎರೆಭೂಮಿಯಲ್ಲಿ ಆ ಹೊತ್ತಿಗೆ ಒಣ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಬೇಕಾದಷ್ಟು. ಅವು ಒಂದು ಕರ್ಪೂರದ ಬಿಲ್ಲೆಗೇ ಭಗ್ಗನೆ ಹಿಡಿಯುತ್ತವೆ, ಆದರೆ ಐದು ನಿಮಿಷಕ್ಕೆ ಬೂದಿ. ಅದಕ್ಕೇ ಕೆಳಗೆ ಜಾಲಿ ಕೊರಡು, ತೆಂಗಿನ ಚಿಪ್ಪು ಇಡುತ್ತೇನೆ, ಧೂಪಕ್ಕೆ ಬೇಕಾದ ಕೆಂಡ ಅವುಗಳಿಂದ ಬರುತ್ತದೆ. ಕಬ್ಬಿಣದ ಬುಟ್ಟಿಯಲ್ಲಿ ಎರಡಿಂಚು ಉಸುಕು ಹಾಸಿ ಅದರ ಮೇಲೆ ಒಟ್ಟಬೇಕು. ನೇರ ನೆಲದ ಮೇಲೆ ಹಾಕಿದರೆ ಕಡಪಾ ಕಲ್ಲು ಸಿಡಿಯುತ್ತದೆ. ಪೆಂಡಾಲಿನಿಂದ ಹದಿನೈದು ಅಡಿ ದೂರ, ಪಕ್ಕದಲ್ಲಿ ಎರಡು ಬಕೆಟ್ ನೀರು. ಏಪ್ರಿಲ್ಲಿನಲ್ಲಿ ಸಂಜೆ ಗಾಳಿಮಳೆ ಬರುವುದುಂಟು, ಒಂದು ಹೊರೆ ಕಟ್ಟಿಗೆಯನ್ನು ಒಳಗೆ ಮುಚ್ಚಿಟ್ಟಿರಬೇಕು.

ಆ ಬೆಂಕಿಯಿಂದ ಹಚ್ಚುವ ಪಾಸ್ಖ ದೀಪ, ಅಂದರೆ ಈಸ್ಟರಿನ ದೊಡ್ಡ ಮೋಂಬತ್ತಿ, ಮೇಣದ್ದೇ ಆಗಿರಬೇಕು, ಪ್ರತಿ ವರ್ಷ ಹೊಸದು, ಒಂದೇ ಒಂದು. ಎಣ್ಣೆ ತುಂಬುವ ಪ್ಲಾಸ್ಟಿಕ್ ಕೊಳವೆಯ ನಕಲಿ ದೀಪ ಅಗ್ಗ, ಆದರೆ ಈ ರಾತ್ರಿಗೆ ಸಲ್ಲದು. ಶಿಲುಬೆ, ಗ್ರೀಕಿನ ಮೊದಲ-ಕೊನೆಯ ಅಕ್ಷರಗಳಾದ ಆಲ್ಫಾ, ಒಮೆಗಾ, ವರ್ಷದ ನಾಲ್ಕು ಅಂಕಿ ಕೊರೆಯುವುದನ್ನು ಗುರುಗಳು ಅಲ್ಲೇ ಮಾಡುತ್ತಾರೆ. ಐದು ಧೂಪದ ಮೊಳೆಗಳ ತೂತುಗಳನ್ನು ಮಾತ್ರ ನಾನು ಹಗಲಿನಲ್ಲೇ ಬಿಸಿ ಮೊಳೆಯಿಂದ ಮಾಡಿಡುತ್ತೇನೆ. ಕತ್ತಲಲ್ಲಿ ಒತ್ತಿದರೆ ಮೇಣ ಸೀಳುತ್ತದೆ. ಬತ್ತಿಯ ಸುತ್ತಲಿನ ಮೇಣವನ್ನು ಚಾಕುವಿನಿಂದ ಕೆರೆದು ಅರ್ಧ ಇಂಚು ಬತ್ತಿ ಬಿಡಿಸಿರಬೇಕು. ಬೆಂಕಿಗೆ ದೀಪವನ್ನೇ ಬಗ್ಗಿಸಬೇಡಿ, ಬದಿ ಕರಗಿ ಇಳಿಯುತ್ತದೆ. ಉದ್ದನೆಯ ಸಣ್ಣ ಬತ್ತಿಯಿಂದ ಬೆಂಕಿ ತಂದು ಹಚ್ಚಬೇಕು. ಜನರ ಕೈಯ ಮೋಂಬತ್ತಿಗಳು ಮೂವತ್ತೇಳು-ಮೂವತ್ತೆಂಟು ಡಿಗ್ರಿಯ ಸೆಖೆಗೆ ಪೆಟ್ಟಿಗೆಯಲ್ಲೇ ಬಾಗುತ್ತವೆ, ತಂಪು ಕೋಣೆಯಲ್ಲಿ ಅಡ್ಡ ಮಲಗಿಸಿ ಇಡಬೇಕು. ಕಾಗದದ ಟೀ ಕಪ್ಪಿನ ತಳಕ್ಕೆ ಶಿಲುಬೆಯಾಕಾರದಲ್ಲಿ ಸೀಳಿ ತೂರಿಸಿದರೆ ಕೈ ಸುಡುವುದಿಲ್ಲ, ಗಾಳಿಗೂ ಆರುವುದಿಲ್ಲ.

ಅತಿ ಹೆಚ್ಚು ಕೆಡುವುದು ವಿದ್ಯುತ್ತಿನಲ್ಲಿ. ದೀಪ ಆರಿಸಲು ಮೇನ್ ಸ್ವಿಚ್ ಎಳೆದರೆ ಮೈಕೂ ಸಾಯುತ್ತದೆ, ಬಾಗಿಲಲ್ಲಿ ‘ಕ್ರಿಸ್ತರ ಬೆಳಕು’ ಎಂದು ಹಾಡಿದ್ದು ಮುಂದಿನವರಿಗೆ ಕೇಳುವುದೇ ಇಲ್ಲ. ಮೈಕಿನ ಲೈನನ್ನು ದೀಪಗಳದ್ದರಿಂದ ಬೇರೆ ಮಾಡಿಸಿ ಇನ್ವರ್ಟರಿಗೆ ಕೊಡಿಸಬೇಕು. ವಾಚನ ಪೀಠಕ್ಕೆ ಬ್ಯಾಟರಿಯ ಸಣ್ಣ ದೀಪ ಬೇಕು. ಹಳೆಯ ಒಡಂಬಡಿಕೆಯ ಏಳು ವಾಚನಗಳಲ್ಲಿ ಕನಿಷ್ಠ ಮೂರು ಓದಲೇಬೇಕು, ಕೆಂಪು ಸಮುದ್ರ ದಾಟಿದ ವಿಮೋಚನಕಾಂಡದ ಭಾಗ ಬಿಡುವಂತಿಲ್ಲ. ಏಳನ್ನೂ ಓದಿಸಬೇಕೆಂಬುದು ನನ್ನ ಪಕ್ಷ. ಮಕ್ಕಳು ಮಲಗಿದರೆ ಮಲಗಲಿ, ಹಿಂದೆ ಎರಡು ಜಮಖಾನೆ ಹಾಸಿಟ್ಟರಾಯಿತು, ಗಂಟೆ ಬಾರಿಸಿದಾಗ ತಾವೇ ಏಳುತ್ತಾರೆ.

ಮಂತ್ರಿಸುವ ನೀರಿಗೆ ಐವತ್ತು ಲೀಟರಿನ ತಾಮ್ರದ ಹಂಡೆ. ನಲ್ಲಿ ದಿನಾ ಬರದ ಓಣಿಯಾದರೆ ಗುರುವಾರವೇ ತುಂಬಿಸಿ, ಬಟ್ಟೆ ಕಟ್ಟಿ ಇಡಬೇಕು. ದೀಪದ ಬುಡವನ್ನು ನೀರಿಗಿಳಿಸುತ್ತಾರೆ, ಹಂಡೆಯ ಬಾಯಿ ಅಷ್ಟು ಅಗಲ ಇದೆಯೇ ಎಂದು ಮೊದಲೇ ಅಳೆದು ನೋಡಿ. ಪೂಜೆ ಮುಗಿದ ಮೇಲೆ ಎಲ್ಲರೂ ಬಾಟಲಿ ಹಿಡಿದು ಬರುತ್ತಾರೆ. ಕೆಳಗೆ ನಲ್ಲಿ ಇರುವ ಹಂಡೆಯಾದರೆ ನೂಕುನುಗ್ಗಲು ಇರುವುದಿಲ್ಲ.

ದೀಪ ಈಸ್ಟರಿನಿಂದ ಐವತ್ತನೇ ದಿನದ ಪೆಂತೆಕೋಸ್ತಿನವರೆಗೆ ಬಲಿಪೀಠದ ಬಳಿ ನಿಂತಿರುತ್ತದೆ. ಆಮೇಲೆ ಅದರ ಜಾಗ ಜ್ಞಾನಸ್ನಾನದ ತೊಟ್ಟಿಯ ಪಕ್ಕ. ಮಕ್ಕಳ ಜ್ಞಾನಸ್ನಾನಕ್ಕೂ ಶವಪೆಟ್ಟಿಗೆಯ ಬಳಿಯೂ ಅದನ್ನೇ ಹಚ್ಚುವುದರಿಂದ ಮೂರಡಿಗಿಂತ ಗಿಡ್ಡದು ತಂದರೆ ಮುಂದಿನ ವರ್ಷದವರೆಗೆ ಬಾಳಿಕೆ ಬರುವುದು ಅನುಮಾನ. ಈಸ್ಟರ್ ಸೋಮವಾರ ಸಕ್ರಿಸ್ತಿಯ ನೋಟುಪುಸ್ತಕದಲ್ಲಿ ನಾಲ್ಕು ಸಂಖ್ಯೆ ಬರೆದಿಡುತ್ತೇನೆ: ಗುರುವಾರದ ಅಪ್ಪ, ಶುಕ್ರವಾರದ ಅಪ್ಪ, ಖರ್ಚಾದ ಮೋಂಬತ್ತಿ, ತಂದ ಗರಿ. ಗರಿಯ ಬುಟ್ಟಿಯನ್ನು ತೊಳೆದು ಬಿಸಿಲಿಗಿಟ್ಟು ಅಟ್ಟಕ್ಕೇರಿಸಿದರೆ ಮತ್ತೆ ಇಳಿಸುವುದು ಜನವರಿ ಕೊನೆಗೇ.