ಕೋರ್ಟು ಹತ್ತಿರವಿರುವ ಲಾ ಕಾಲೇಜು ಹುಡುಕಿ

ಲಾ ಓದಬೇಕು ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಬೆಂಗಳೂರು ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ. ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು ಅಲ್ಲಿ ಸೀಟು ಸಿಕ್ಕರೆ ಕಣ್ಣು ಮುಚ್ಚಿ ಹೋಗಿ, ನನ್ನದೇನೂ ತಕರಾರಿಲ್ಲ. ಈ ಬರಹ ಉಳಿದವರಿಗೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಡಿಗ್ರಿ ಮುಗಿಸಿ ಮುಂದೇನು ಅಂತ ಕೂತವರಿಗೆ, ಲಕ್ಷಗಟ್ಟಲೆ ಫೀ ಕಟ್ಟುವ ಮಾತೇ ಇಲ್ಲದ ಮನೆಯವರಿಗೆ.

ನಾನು ಧಾರವಾಡದಲ್ಲಿ ಸಿವಿಲ್ ಖಟ್ಲೆ ನಡೆಸುವ ವಕೀಲೆ. ಜೂನ್ ಬಂತೆಂದರೆ ಕಕ್ಷಿದಾರರು ಹೊಲದ ಫೈಲಿನ ಜೊತೆ ಮಗಳ ಮಾರ್ಕ್ಸ್ ಕಾರ್ಡನ್ನೂ ತರುತ್ತಾರೆ. "ಅಕ್ಕಾರ, ಎಲ್ಲಿ ಹಚ್ಚೋಣ ಇಕೀನ?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವ್ಯವಸ್ಥೆ ತಿಳಿದುಕೊಳ್ಳಿ. 2009ರಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಶುರುವಾಯಿತು. ಇರುವುದು ಹುಬ್ಬಳ್ಳಿಯ ನವನಗರದಲ್ಲಿ. ಅದಕ್ಕೂ ಮುಂಚೆ ಲಾ ಕಾಲೇಜುಗಳು ಆಯಾ ಭಾಗದ ವಿಶ್ವವಿದ್ಯಾಲಯಗಳ ಕೆಳಗಿದ್ದವು. ಈಗ ರಾಮನಗರದ ಸರ್ಕಾರಿ ಲಾ ಕಾಲೇಜಾಗಲಿ, ಹೊಳೆನರಸೀಪುರದ್ದಾಗಲಿ, ನಿಮ್ಮ ಜಿಲ್ಲೆಯ ಅನುದಾನಿತ ಕಾಲೇಜಾಗಲಿ, ಪದವಿ ಬರುವುದು ನವನಗರದಿಂದಲೇ. ವಿಶ್ವವಿದ್ಯಾಲಯಕ್ಕೆ ಕ್ಯಾಂಪಸ್ಸಿನಲ್ಲೇ ಸ್ವಂತ ಲಾ ಸ್ಕೂಲ್ ಕೂಡ ಇದೆ. ದೊಡ್ಡದೇನಲ್ಲ. ಪಿಯುಸಿ ನಂತರದ ಐದು ವರ್ಷದ ಬಿಎ ಎಲ್‌ಎಲ್‌ಬಿ ಆನರ್ಸ್, ಬಿಬಿಎ ಎಲ್‌ಎಲ್‌ಬಿ ಆನರ್ಸ್, ಅದರ ಮೇಲೆ ಎಲ್‌ಎಲ್‌ಎಂ ಮತ್ತು ಪಿಎಚ್‌ಡಿ ಅಲ್ಲಿವೆ. ಪಾಠ ಮಾಡುವವರಾಗಬೇಕು ಅಂತಿದ್ದರೆ ಮಾತ್ರ ಎಲ್‌ಎಲ್‌ಎಂ ಬಗ್ಗೆ ಯೋಚಿಸಿ. ವಕೀಲಿಕೆಗೆ ಅದು ಬೇಕಿಲ್ಲ.

ಮೂರು ವರ್ಷವೋ, ಐದು ವರ್ಷವೋ?

ಡಿಗ್ರಿ ಆಗಿದ್ದರೆ ಮೂರು ವರ್ಷ, ಆರು ಸೆಮಿಸ್ಟರ್. ಪಿಯುಸಿ ಮುಗಿದಿದ್ದರೆ ಐದು ವರ್ಷ, ಹತ್ತು ಸೆಮಿಸ್ಟರ್. ಲೆಕ್ಕ ಹಾಕಿದರೆ ಐದು ವರ್ಷದ ದಾರಿಯಲ್ಲಿ ಒಂದು ವರ್ಷ ಉಳಿಯುತ್ತದೆ. ಆದರೆ ಅದರಲ್ಲಿ ಒಂದು ಗಂಟಿದೆ, ಕಾಲೇಜಿನವರು ಜಾಸ್ತಿ ಹೇಳುವುದಿಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದ ಪ್ರಕಾರ ಐದು ವರ್ಷದ ಕೋರ್ಸನ್ನು ನಡುವೆ ಒಡೆಯುವಂತಿಲ್ಲ. ಮೂರು ವರ್ಷ ಓದಿ "ನನಗಿದು ಬೇಡ, ಬಿಎ ಕೊಟ್ಟುಬಿಡಿ" ಅಂದರೆ ಕೊಡುವುದಿಲ್ಲ. ಹದಿನೆಂಟರ ಹುಡುಗ ಅಪ್ಪನ ಒತ್ತಾಯಕ್ಕೆ ಸೇರುತ್ತಿದ್ದರೆ ಈ ನಿಯಮವನ್ನು ಅಪ್ಪನಿಗೇ ಓದಿ ಹೇಳಿ. ಮನಸ್ಸು ಗಟ್ಟಿ ಇಲ್ಲದಿದ್ದರೆ ಮೊದಲು ಡಿಗ್ರಿ ಮಾಡಿ, ಆಮೇಲೆ ಮೂರು ವರ್ಷದ್ದಕ್ಕೆ ಬನ್ನಿ. ನಾನು ಹಾಗೇ ಬಂದವಳು. ನಮ್ಮ ತರಗತಿಯಲ್ಲಿ ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಒಬ್ಬರಿದ್ದರು. ಪಹಣಿ, ಮ್ಯುಟೇಶನ್ ವಿಷಯ ಬಂದರೆ ಮೇಷ್ಟ್ರೇ ಅವರ ಕಡೆ ನೋಡುತ್ತಿದ್ದರು.

ಅಂಕಗಳ ವಿಷಯ ಸರಳ. ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40. ಮೂರು ವರ್ಷಕ್ಕೆ ಡಿಗ್ರಿ ಅಂಕ, ಐದಕ್ಕೆ ಪಿಯುಸಿ ಅಂಕ. ಪಿಯುಸಿ ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಪಡೆದವರು ಫೀ ಕಟ್ಟುವ ಮುಂಚೆ ಸ್ವಲ್ಪ ನಿಲ್ಲಿ. ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಸಾಲಾಗಿ ಇಲ್ಲದಿದ್ದರೆ ಪರಿಷತ್ತು ಒಪ್ಪುವುದಿಲ್ಲ. ಮೂರೂ ಇದ್ದು ದೂರಶಿಕ್ಷಣದಲ್ಲಿ ಓದಿದ್ದರೆ ತೊಂದರೆ ಇಲ್ಲ.

ಎಲ್‌ಎಲ್‌ಬಿಯನ್ನು ಮಾತ್ರ ದೂರಶಿಕ್ಷಣದಲ್ಲಿ ಮಾಡಲು ಬರುವುದಿಲ್ಲ. ಯಾರಾದರೂ "ಪರೀಕ್ಷೆಗಷ್ಟೇ ಬಂದರೆ ಸಾಕು" ಅಂದರೆ ಅಲ್ಲಿಂದ ಎದ್ದು ಬನ್ನಿ. ನಿಯಮದ ಹಾಜರಾತಿ ಶೇ 70.

ಕಾಲೇಜು ಆರಿಸುವಾಗ ಏನು ನೋಡಬೇಕು

ಎರಡು ಕಾಗದ ನೋಡಿ. ಈ ವರ್ಷಕ್ಕೆ ವಿಶ್ವವಿದ್ಯಾಲಯದ ಸಂಯೋಜನೆ (ಅಫಿಲಿಯೇಶನ್) ಇದೆಯಾ? ವಕೀಲರ ಪರಿಷತ್ತಿನ ಅನುಮೋದನೆ ಜೀವಂತ ಇದೆಯಾ? ಅನುಮೋದನೆ ಇಲ್ಲದ ಕಾಲೇಜಿನ ಪದವಿ ಹಿಡಿದು ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಕೇಳಲು ಹೋದರೆ ಬಾಗಿಲಲ್ಲೇ ವಾಪಸ್. ಇದನ್ನು ಆಫೀಸಿನ ಕಿಟಕಿಯಲ್ಲಿ ನಿಂತು ಧೈರ್ಯವಾಗಿ ಕೇಳಿ, ಸಂಕೋಚ ಬೇಡ.

ಇವೆರಡೂ ಸರಿ ಇದ್ದರೆ ಮುಂದಿನ ಪ್ರಶ್ನೆ ಕಟ್ಟಡದ್ದಲ್ಲ, ಎಸಿ ಹಾಲಿನದ್ದೂ ಅಲ್ಲ. ಕೋರ್ಟು ಎಷ್ಟು ದೂರ? ನನ್ನ ಮಟ್ಟಿಗೆ ಸಣ್ಣ ಸರ್ಕಾರಿ ಲಾ ಕಾಲೇಜಿನ ದೊಡ್ಡ ಪ್ರಯೋಗಾಲಯ ಅದೇ, ಮತ್ತು ಅದು ಪುಕ್ಕಟೆ. ಹುಬ್ಬಳ್ಳಿ-ಧಾರವಾಡದಲ್ಲಿ ಓದುವವರನ್ನೇ ನೋಡಿ. ನವನಗರದಲ್ಲಿ ಚಿಗರಿ ಬಸ್ಸು ಹತ್ತಿದರೆ ಒಂದು ಕಡೆ ಹುಬ್ಬಳ್ಳಿ, ಅಲ್ಲಿ ತಿಮ್ಮಸಾಗರದ ದೊಡ್ಡ ಕೋರ್ಟ್ ಸಂಕೀರ್ಣ. ಇನ್ನೊಂದು ಕಡೆ ಧಾರವಾಡದ ಜಿಲ್ಲಾ ನ್ಯಾಯಾಲಯ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠವೂ ಧಾರವಾಡದ ಬಳಿಯೇ ಇದೆ. ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಹೈಕೋರ್ಟಿನವರೆಗೆ ಒಂದೇ ಊರಿನ ಸುತ್ತ ನೋಡಬಹುದು. ನಿಮ್ಮದು ತಾಲ್ಲೂಕು ಊರಾದರೂ ಚಿಂತೆ ಇಲ್ಲ. ಒಂದು ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟ್ ನಡೆದು ಹೋಗುವಷ್ಟು ದೂರದಲ್ಲಿದ್ದರೆ ಸಾಕು.

ಅರ್ಜಿಯ ಕೆಲಸ ಬೇಗ ಮುಗಿಸಿ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ ಅಂಕಪಟ್ಟಿ, ಟಿಸಿ, ಬೇರೆ ವಿಶ್ವವಿದ್ಯಾಲಯದಿಂದ ಬಂದಿದ್ದರೆ ಮೈಗ್ರೇಶನ್. ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ. ಅದರಲ್ಲಿನ ಆರ್‌ಡಿ ನಂಬರ್ ಇಲ್ಲದೆ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿಯಲ್ಲಿ ಅರ್ಜಿ ಮುಂದೆ ಹೋಗುವುದಿಲ್ಲ.

ಹಳೇ ಪುಸ್ತಕದ ಮೋಹ

ಸೀನಿಯರ್‌ಗಳು ಅರ್ಧ ಬೆಲೆಗೆ ಪುಸ್ತಕ ಕೊಡುತ್ತಾರೆ. ಕಾಂಟ್ರಾಕ್ಟ್, ಟಾರ್ಟ್ಸ್, ಹಿಂದೂ ಕಾನೂನು ಆದರೆ ಖುಷಿಯಿಂದ ತಗೊಳ್ಳಿ. 1872ರ ಕರಾರು ಕಾಯಿದೆ ನಿನ್ನೆ ಮೊನ್ನೆ ಬದಲಾದದ್ದಲ್ಲ. ಆದರೆ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯಿದೆಯ ಪುಸ್ತಕ ಕೊಟ್ಟರೆ ನಕ್ಕು ಸುಮ್ಮನಾಗಿ. 2024ರ ಜುಲೈ 1ರಿಂದ ಅವುಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಬಂದಿವೆ. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302 ಈಗ 103. ಊರಲ್ಲಿ ಬೈಗುಳವೇ ಆಗಿಹೋಗಿದ್ದ 420 ಈಗ 318.

ಇಷ್ಟಕ್ಕೇ ಮುಗಿಯಲಿಲ್ಲ. ಆ ದಿನಕ್ಕಿಂತ ಮುಂಚೆ ನಡೆದ ಅಪರಾಧಗಳ ವಿಚಾರಣೆ ಇವತ್ತೂ ಐಪಿಸಿ ಪ್ರಕಾರವೇ ನಡೆಯುತ್ತದೆ. ಕೋರ್ಟ್ ಹಾಲಿನಲ್ಲಿ 302 ಕೇಳುತ್ತೀರಿ, ಪರೀಕ್ಷೆಯಲ್ಲಿ 103 ಬರೆಯುತ್ತೀರಿ. ಅದಕ್ಕೆ ಹೊಸ ಬೇರ್ ಆ್ಯಕ್ಟ್ (ವ್ಯಾಖ್ಯಾನವಿಲ್ಲದ ಕಾಯಿದೆಯ ಮೂಲಪಠ್ಯ) ಕೊಂಡು, ಪ್ರತಿ ಸೆಕ್ಷನ್ ಪಕ್ಕ ಪೆನ್ಸಿಲಿನಲ್ಲಿ ಹಳೇ ನಂಬರ್ ಬರೆದಿಟ್ಟುಕೊಳ್ಳಿ. ಇಂಡಿಯಾ ಕೋಡ್ ಜಾಲತಾಣದಲ್ಲಿ ಕಾಯಿದೆಗಳು ಉಚಿತ. ಕನ್ನಡ ಪಠ್ಯ ಬೇಕಿದ್ದರೆ ರಾಜ್ಯದ ಸಂಸದೀಯ ವ್ಯವಹಾರ ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಹುಡುಕಿ. ಗೈಡ್ ಬೇಡ ಅನ್ನುವುದಿಲ್ಲ, ಎಲ್ಲರೂ ಓದುತ್ತಾರೆ. ಸೆಕ್ಷನ್ನನ್ನು ಮೊದಲು ಬೇರ್ ಆ್ಯಕ್ಟಿನಲ್ಲಿ ಓದಿ, ಆಮೇಲೆ ಗೈಡ್ ತೆಗೆಯಿರಿ.

ಪರೀಕ್ಷೆ ಬರೆಯುವ ಬಗೆ

ಒಂದು ಪತ್ರಿಕೆಗೆ ನೂರು ಅಂಕ. ಬರಹದ ಪರೀಕ್ಷೆಗೆ 80, ಇಂಟರ್ನಲ್ಸಿಗೆ 20. ಮೂರು ಗಂಟೆ ಸಮಯ, ಐದು ಘಟಕ. ಪ್ರತಿ ಘಟಕದಿಂದ 10 ಅಂಕದ ಒಂದು ಪ್ರಬಂಧ ಮಾದರಿ ಉತ್ತರ, 6 ಅಂಕದ ಒಂದು ಟಿಪ್ಪಣಿ ಅಥವಾ ಸಮಸ್ಯೆ. ಐದೂ ಘಟಕ ಕಡ್ಡಾಯ, ಒಂದು ಘಟಕ ಬಿಟ್ಟು ಓದಿದರೆ 16 ಅಂಕ ಹೋದಂತೆ. ಘಟಕಕ್ಕೆ ಮೂವತ್ತಾರು ನಿಮಿಷ ಬರುತ್ತದೆ. ದೊಡ್ಡದಕ್ಕೆ ಇಪ್ಪತ್ತೆರಡು, ಚಿಕ್ಕದಕ್ಕೆ ಹನ್ನೆರಡು ಇಟ್ಟುಕೊಂಡರೆ ಉಸಿರಾಡಲು ಎರಡು ನಿಮಿಷ ಉಳಿಯುತ್ತದೆ.

ಟಿಪ್ಪಣಿಗಿಂತ ಸಮಸ್ಯೆ ಆರಿಸಿ. ಎಲ್ಲರೂ ಹೆದರಿ ಟಿಪ್ಪಣಿ ಬರೆಯುತ್ತಾರೆ, ಆದರೆ ಅಂಕ ಸುಲಭವಾಗಿ ಬೀಳುವುದು ಸಮಸ್ಯೆಗೆ. ಉದಾಹರಣೆಗೆ, ಹದಿನೇಳರ ಹುಡುಗ ಮನೆ ಅಡವಿಟ್ಟು ಸಾಲ ತಗೊಂಡ, ಆಮೇಲೆ ಕರಾರು ರದ್ದು ಮಾಡಿ ಅಂದ. ಮೊದಲ ಸಾಲಿನಲ್ಲಿ ಪ್ರಶ್ನೆ ಏನು ಅಂತ ಬರೆಯಿರಿ. ಅಪ್ರಾಪ್ತನ ಕರಾರು ಊರ್ಜಿತವೇ? ಎರಡನೆಯದು ಸೆಕ್ಷನ್, ಕರಾರು ಕಾಯಿದೆಯ 11. ಮೂರನೆಯದು ತೀರ್ಪು, 1903ರ ಮೊಹರಿ ಬೀಬಿ ವಿರುದ್ಧ ಧರ್ಮೋದಾಸ್ ಘೋಷ್. ಅಪ್ರಾಪ್ತನ ಕರಾರು ಮೊದಲಿನಿಂದಲೇ ಶೂನ್ಯ ಅಂತ ಪ್ರಿವಿ ಕೌನ್ಸಿಲ್ ಹೇಳಿತು. ಕೊನೆಗೆ ನಿಮ್ಮ ಹುಡುಗನಿಗೆ ಅದನ್ನು ಅನ್ವಯಿಸಿ ಮುಗಿಸಿ. ಅರ್ಧ ಪುಟ ಸಾಕು.

ಕನ್ನಡದಲ್ಲಿ ಬರೆಯಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಮೂರು ವರ್ಷದ ಎಲ್‌ಎಲ್‌ಬಿಯ ಪ್ರಶ್ನೆಪತ್ರಿಕೆಯ ಮೇಲೇ ಇರುತ್ತದೆ, ಉತ್ತರ ಇಂಗ್ಲಿಷಿನಲ್ಲಿರಲಿ ಅಥವಾ ಕನ್ನಡದಲ್ಲಿರಲಿ, ಪೂರ್ತಿ ಒಂದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಬರೆಯಿರಿ, ತಪ್ಪೇನಿಲ್ಲ. ಆದರೆ ಓದುವಾಗ ತೀರ್ಪುಗಳನ್ನು ಇಂಗ್ಲಿಷಿನಲ್ಲೇ ಓದಿ. ಹೈಕೋರ್ಟಿನಲ್ಲಿ ವಾದ ನಡೆಯುವುದು ಇಂಗ್ಲಿಷಿನಲ್ಲಿ. ಸಿವಿಲ್ ಜಡ್ಜ್ ಪರೀಕ್ಷೆಯಲ್ಲಿ ಕನ್ನಡ-ಇಂಗ್ಲಿಷ್ ಅನುವಾದಕ್ಕೇ ಒಂದು ಪತ್ರಿಕೆ ಇದೆ. ಆ ಪತ್ರಿಕೆಯಲ್ಲಿ ನಮ್ಮ ಕನ್ನಡ ಮಾಧ್ಯಮದವರು ಕಾನ್ವೆಂಟಿನವರಿಗಿಂತ ಹೆದರಬೇಕಾದ್ದು ಕಡಿಮೆ, ಅಲ್ವಾ?

ಸಂವಿಧಾನ ಓದುವಾಗ ಮಾತ್ರ ಬಾಯಿಪಾಠ ಬಿಡಿ. ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯಿಂದ ಬದಲಿಸುವಂತಿಲ್ಲ ಎಂಬ ಸಿದ್ಧಾಂತ ಕೊಟ್ಟ 1973ರ ಕೇಶವಾನಂದ ಭಾರತಿ ಪ್ರಕರಣದ ಸ್ವಾಮೀಜಿ ಕಾಸರಗೋಡಿನ ಎಡನೀರು ಮಠದವರು. ರಾಷ್ಟ್ರಪತಿ ಆಳ್ವಿಕೆಗೆ ಕಡಿವಾಣ ಹಾಕಿದ 1994ರ ತೀರ್ಪಿನ ಎಸ್.ಆರ್. ಬೊಮ್ಮಾಯಿ ನಮ್ಮ ಹುಬ್ಬಳ್ಳಿಯ ಕಡೆಯವರು, 1989ರಲ್ಲಿ ಅವರ ಸರ್ಕಾರ ವಜಾ ಆದದ್ದರಿಂದ ಹುಟ್ಟಿದ ಪ್ರಕರಣ ಅದು. ಪರಿಚಯದ ಊರಿನ ಕತೆಯಾಗಿ ಓದಿದರೆ ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿ ಮರೆಯುವುದಿಲ್ಲ.

ಕೋರ್ಟಿಗೆ ಹೋಗಿ ಏನು ನೋಡಬೇಕು

ಕೋರ್ಸಿನಲ್ಲಿ ನಾಲ್ಕು ಕ್ಲಿನಿಕಲ್, ಅಂದರೆ ಪ್ರಾಯೋಗಿಕ, ಪತ್ರಿಕೆ ಬರುತ್ತವೆ. ಅದರಲ್ಲೊಂದು ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಮತ್ತು ಇಂಟರ್ನ್‌ಶಿಪ್ಪಿನದು. ಮೂಟ್‌ಗೆ 30 ಅಂಕ, ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ವಿಚಾರಣೆ ನೋಡಿ ಬರೆಯುವುದಕ್ಕೆ 30, ವಕೀಲರ ಆಫೀಸಿನಲ್ಲಿ ಕಲಿತದ್ದರ ಡೈರಿಗೆ 30, ಮೌಖಿಕಕ್ಕೆ 10. ಬಹಳಷ್ಟು ಹುಡುಗರು ಸೀನಿಯರ್ ಬರೆದ ಡೈರಿಯನ್ನೇ ನಕಲು ಮಾಡುತ್ತಾರೆ. ಆ ನಕಲಿಗೂ ಯಾವುದೋ ಹಳೇ ನಕಲು ಮೂಲ. ಒಂದೇ ಕೊಲೆ ಕೇಸು ವರ್ಷಗಟ್ಟಲೆ ಡೈರಿಗಳಲ್ಲಿ ನಡೆಯುತ್ತಲೇ ಇರುತ್ತದೆ! ನೀವು ನಿಜವಾಗಿ ಹೋಗಿ.

ಹೋಗುವುದು ಹೀಗೆ. ಹಿಂದಿನ ಸಂಜೆ ಇ-ಕೋರ್ಟ್ಸ್ ಆ್ಯಪಿನಲ್ಲಿ ನಿಮ್ಮೂರಿನ ಕೋರ್ಟಿನ ಕಾಸ್ ಲಿಸ್ಟ್, ಅಂದರೆ ಮರುದಿನದ ಕೇಸುಗಳ ಪಟ್ಟಿ, ತೆಗೆಯಿರಿ. ಸಾಕ್ಷಿ ಹಂತದಲ್ಲಿರುವ ಕೇಸು ಆರಿಸಿ, ಬೇರೆ ಹಂತದವು ಎರಡೇ ನಿಮಿಷದಲ್ಲಿ ಮುಂದಿನ ತಾರೀಖಿಗೆ ಹೋಗಿಬಿಡುತ್ತವೆ. ಕೇಸಿನ ಹದಿನಾರು ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಬರೆದಿಟ್ಟುಕೊಂಡರೆ ಮುಂದಿನ ತಾರೀಖುಗಳನ್ನೂ ಹಿಂಬಾಲಿಸಬಹುದು. ಬೆಳಿಗ್ಗೆ ಹನ್ನೊಂದರೊಳಗೆ ಹಿಂದಿನ ಸಾಲಿನಲ್ಲಿ ಕೂತುಬಿಡಿ. ಫೋನ್ ಸೈಲೆಂಟ್, ಕಾಲ ಮೇಲೆ ಕಾಲು ಬೇಡ. ಕೋರ್ಟು ಸಾರ್ವಜನಿಕರಿಗೆ ತೆರೆದದ್ದೇ. ಪೋಕ್ಸೋ ಮತ್ತು ಕೆಲವು ಕೌಟುಂಬಿಕ ಪ್ರಕರಣಗಳು ಗೋಪ್ಯವಾಗಿ ನಡೆಯುತ್ತವೆ, ಅಲ್ಲಿ ಎದ್ದು ಹೋಗಿ ಅಂದರೆ ಬೇಜಾರಾಗಬೇಡಿ.

ಪಾಟೀ ಸವಾಲು (ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು) ಶುರುವಾದಾಗ ವಕೀಲರ ಧ್ವನಿ ಕೇಳಬೇಡಿ, ಪ್ರಶ್ನೆ ಬರೆದುಕೊಳ್ಳಿ. ಒಳ್ಳೆಯ ವಕೀಲರು ಸಾಕ್ಷಿಗೆ "ಹೌದು", "ಅಲ್ಲ" ಬಿಟ್ಟು ಬೇರೆ ಮಾತಿಗೆ ಜಾಗವೇ ಕೊಡುವುದಿಲ್ಲ. ಹೊಲದ ದಾವೆಯಲ್ಲಿ ಚಕ್ಕುಬಂದಿ ಕೇಳುವ ರೀತಿ ನೋಡಿ. ಮೂಡಲಕ್ಕೆ ಯಾರ ಹೊಲ, ಬಡಗಲಕ್ಕೆ ಯಾರದು, ಬದುವಿನ ಮೇಲೆ ಎಷ್ಟು ಬೇವಿನ ಮರ. ಸಾಕ್ಷಿ ಅಲ್ಲೇ ಎಡವುತ್ತಾನೆ. ಸಂಜೆ ಆ ಪ್ರಶ್ನೆಗಳನ್ನು ವಾದಪತ್ರ, ಅದಕ್ಕೆ ಪ್ರತಿವಾದಿ ಕೊಟ್ಟ ಉತ್ತರವಾದ ಕೈಫಿಯತ್ತುಗಳ ಜೊತೆ ಹೊಂದಿಸಿ ನೋಡಿದರೆ ಯಾವ ಪ್ರಶ್ನೆ ಯಾಕೆ ಬಂತು ಅಂತ ಹೊಳೆಯುತ್ತದೆ. ಆ ಕಾಗದ ತೋರಿಸುವಂತೆ ಯಾರಾದರೂ ಜೂನಿಯರ್ ವಕೀಲರನ್ನು ಕೇಳಿ. ಚಹಾ ಕುಡಿಸಿದರೆ ಖಂಡಿತ ತೋರಿಸುತ್ತಾರೆ, ನಮಗೂ ಯಾರೂ ಪ್ರಶ್ನೆ ಕೇಳದೆ ಬೇಸರವಾಗಿರುತ್ತದೆ.

ಇಂಟರ್ನ್‌ಶಿಪ್ ಮೂರು ವರ್ಷದ ಕೋರ್ಸಿಗೆ ಒಟ್ಟು 12 ವಾರ, ಐದು ವರ್ಷದ್ದಕ್ಕೆ 20 ವಾರ. ದೊಡ್ಡ ಹೆಸರಿನ ವಕೀಲರ ಬಳಿ ಮೂಲೆಯಲ್ಲಿ ನಿಲ್ಲುವುದಕ್ಕಿಂತ, ದಿನಾ ಸಾಕ್ಷಿ ನಡೆಸುವ ತಾಲ್ಲೂಕು ವಕೀಲರೇ ವಾಸಿ. ಹೈಕೋರ್ಟಿನ ಕಲಾಪ ಯೂಟ್ಯೂಬಿನಲ್ಲಿ ನೇರವಾಗಿ ಬರುತ್ತದೆ, ಅದನ್ನು ರೂಮಿನಲ್ಲೇ ನೋಡಿ.

ಪದವಿ ಆದ ಮೇಲೆ

ಸನ್ನದಿಗೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. ನಂತರ ಅಖಿಲ ಭಾರತ ವಕೀಲರ ಪರೀಕ್ಷೆ. ನೂರು ಪ್ರಶ್ನೆ, ಕನ್ನಡದಲ್ಲೂ ಬರೆಯಬಹುದು, ಟಿಪ್ಪಣಿ ಇಲ್ಲದ ಬೇರ್ ಆ್ಯಕ್ಟ್ ಒಳಗೆ ಒಯ್ಯಬಹುದು. ಪೆನ್ಸಿಲಿನಲ್ಲಿ ನಂಬರ್ ಬರೆದ ಪ್ರತಿಯನ್ನು ಮನೆಯಲ್ಲಿಟ್ಟು ಹೊಸದೊಂದು ತಗೊಂಡು ಹೋಗಿ. ಬ್ಯಾಂಕಿನಲ್ಲೋ ಶಾಲೆಯಲ್ಲೋ ಪೂರ್ಣಾವಧಿ ಸಂಬಳದ ಕೆಲಸದಲ್ಲಿದ್ದರೆ ಅದರ ಜೊತೆಗೇ ವಕೀಲಿಕೆ ನಡೆಸುವಂತಿಲ್ಲ, ಒಂದನ್ನು ಬಿಡಬೇಕು.

ಮೊದಲ ವರ್ಷಗಳಲ್ಲಿ ಸೀನಿಯರ್ ಕೊಡುವುದು ಬಸ್ ಚಾರ್ಜಿಗೆ ಸಾಲುವಷ್ಟು. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಹೊಸ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಕೊಡುತ್ತವೆ. ಸೀನಿಯರ್ ವಕೀಲರ ಬಳಿ ತರಬೇತಿಯಲ್ಲಿರುವುದಕ್ಕೆ ಪತ್ರ ಬೇಕಾಗುತ್ತದೆ. ನೋಂದಣಿ ಆದ ವಾರವೇ ಜಿಲ್ಲಾ ಕಚೇರಿಗೆ ಹೋಗಿ ಕೊನೆಯ ದಿನಾಂಕ ಕೇಳಿಕೊಂಡು ಬನ್ನಿ.