ಹತ್ತಡಿ ಕೋಣೆ, ನಾಲ್ಕು ತಿಂಗಳ ಮಳೆ: ಮನೆಯಲ್ಲೇ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೊ

ಒಂದು ಲ್ಯಾಪ್‌ಟಾಪ್, ಮೈಕ್ ಮತ್ತು ಸ್ಪೀಕರನ್ನು ಅದಕ್ಕೆ ಜೋಡಿಸುವ ಆಡಿಯೊ ಇಂಟರ್‌ಫೇಸ್, ಸ್ವರಗಳನ್ನು ಕಂಪ್ಯೂಟರಿಗೆ ಹೇಳುವ ಚಿಕ್ಕ ಮಿಡಿ ಕೀಬೋರ್ಡ್, ಹೆಡ್‌ಫೋನ್, ಒಂದು ಜೋಡಿ ಸ್ಪೀಕರ್. ಎಲೆಕ್ಟ್ರಾನಿಕ್ ಸಂಗೀತ ಕಟ್ಟಲು ಇಷ್ಟಿದ್ದರೆ ಸಾಕು. ಇವನ್ನೆಲ್ಲ ಇಡಲು ಹತ್ತಡಿ ಕೋಣೆಯೂ ಸಾಕು. ಆದರೆ ಒಣಹವೆಯ ಊರಿನವರು ಬರೆದ ಖರೀದಿ ಪಟ್ಟಿಯನ್ನು ಉತ್ತರ ಕನ್ನಡದ ಕರಾವಳಿಯ ಕಾರವಾರ, ಕುಮಟಾ, ಹೊನ್ನಾವರದ ಮನೆಗೆ ಹಾಗೆಯೇ ತಂದರೆ ಎರಡನೇ ಮಳೆಗಾಲದ ಹೊತ್ತಿಗೆ ವಾಲ್ಯೂಮ್ ಗುಂಡಿ ಕರಕರ ಎನ್ನುತ್ತದೆ, ಸೂಕ್ಷ್ಮ ದನಿ ಹಿಡಿಯುವ ಕಂಡೆನ್ಸರ್ ಮೈಕ್ ಚಟಪಟ ಎನ್ನುತ್ತದೆ, ಮೇಜಿನ ಹಲಗೆ ಉಬ್ಬುತ್ತದೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದ ಕಡೆ ಉಪ್ಪುಗಾಳಿಯ ಕಾಟವಿಲ್ಲ, ಜಡಿಮಳೆ ಮತ್ತು ಸಿಡಿಲಿನ ಕಾಟವಿದೆ. ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಮೊದಲು ಕೋಣೆ, ನಂತರ ಕರೆಂಟು, ಅದಾದ ಮೇಲೆ ತೇವ, ಕೊನೆಗೆ ಉಪಕರಣ ಎಂಬ ಕ್ರಮವೇ ಸರಿ. ಕೈಯಲ್ಲಿ 60 ಸಾವಿರ ರೂಪಾಯಿ ಇದ್ದರೆ 12ರಿಂದ 15 ಸಾವಿರವನ್ನು ಮೊದಲ ಮೂರಕ್ಕೇ ತೆಗೆದಿಡಿ. ಸ್ಪೀಕರ್ ಒಂದು ದರ್ಜೆ ಕಡಿಮೆಯದಾದರೂ ನಡೆಯುತ್ತದೆ, ಅರ್ಥಿಂಗ್ ಇಲ್ಲದ ಪ್ಲಗ್ ನಡೆಯುವುದಿಲ್ಲ.

ಕೋಣೆ

ಮಳೆ ಹೊಡೆಯುವುದು ನೈರುತ್ಯದಿಂದ. ಪಶ್ಚಿಮ, ದಕ್ಷಿಣದ ಹೊರಗೋಡೆಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಕುಡಿದೇ ಇರುತ್ತವೆ. ಮನೆಯಲ್ಲಿ ಆಯ್ಕೆಗೆ ಅವಕಾಶವಿದ್ದರೆ ಪೂರ್ವದ ಕಡೆಯ ಕೋಣೆ ಅಥವಾ ನಡುವಿನ ಕೋಣೆ ಹಿಡಿಯಿರಿ. ಹಂಚಿನ ಮಾಡಿನ ಕೆಳಗೆ ಮಳೆಯ ಸದ್ದು ಮೈಕಿಗೆ ಬರುತ್ತದೆ, ತಗಡಿನ ಶೀಟಿನ ಕೆಳಗಂತೂ ಹೆಡ್‌ಫೋನ್ ಹಾಕಿಕೊಂಡರೂ ಕೇಳುತ್ತದೆ. ಹಳೆಯ ಮನೆಗಳಲ್ಲಿ ಮರದ ಹಲಗೆ ಹಾಸಿದ ಮೆತ್ತು (ಅಟ್ಟ) ಇದ್ದರೆ ಅದರ ಕೆಳಗಿನ ಕೋಣೆ ಒಳ್ಳೆಯದು. ಮೆತ್ತಿನ ಮೇಲೆಯೇ ಸ್ಟುಡಿಯೊ ಮಾಡಿದರೆ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಕೂರಲಾಗುವುದಿಲ್ಲ. ಹೆದ್ದಾರಿ 66 ಅಥವಾ ರೈಲುಹಳಿ ಹತ್ತಿರವಿದ್ದರೆ ಆ ಬದಿಯ ಕೋಣೆ ಬೇಡ. ಲಾರಿಯ ಗುಡುಗು ನೆಲದ ಮೂಲಕ ಬರುತ್ತದೆ, ಕಿಟಕಿ ಮುಚ್ಚಿದರೆ ನಿಲ್ಲುವುದಿಲ್ಲ.

ಅಳತೆಯಲ್ಲಿ ತಪ್ಪಿಸಬೇಕಾದ್ದು ಚೌಕ ಕೋಣೆ. ಶಬ್ದ ಸೆಕೆಂಡಿಗೆ ಸುಮಾರು 1,125 ಅಡಿ ಸಾಗುತ್ತದೆ. ಎದುರುಬದುರು ಗೋಡೆಗಳ ಅಂತರವನ್ನು ಎರಡರಿಂದ ಗುಣಿಸಿ, ಬಂದ ಸಂಖ್ಯೆಯಿಂದ 1,125ನ್ನು ಭಾಗಿಸಿದರೆ ಆ ಗೋಡೆಗಳ ನಡುವೆ ಯಾವ ಸ್ವರ ಮೊರೆಯುತ್ತದೆ ಎಂದು ಗೊತ್ತಾಗುತ್ತದೆ. ಹತ್ತಡಿಗೆ ಅದು 56 ಹರ್ಟ್ಸ್, ಅಂದರೆ ಸೆಕೆಂಡಿಗೆ 56 ಕಂಪನ. 10x10 ಕೋಣೆಯಲ್ಲಿ ಎರಡು ಜೋಡಿ ಗೋಡೆಗಳೂ ಇದೇ 56ನ್ನು ಎತ್ತಿ ಹಿಡಿಯುತ್ತವೆ, ಕಿಕ್ ಡ್ರಮ್ಮಿನ ತೂಕ ಇರುವುದೂ ಅಲ್ಲೇ. ಕೂತ ಜಾಗದಲ್ಲಿ ಬೇಸ್ (ಕೆಳಗಿನ ಸ್ವರ) ವಿಪರೀತ ಕೇಳಿದರೆ ನೀವು ಅದನ್ನು ತಗ್ಗಿಸುತ್ತೀರಿ, ಹಾಡು ಬೇರೆಯವರ ಮನೆಯಲ್ಲಿ ಪೇಲವವಾಗಿ ಕೇಳುತ್ತದೆ. 10x12 ಆದರೆ 56 ಮತ್ತು 47 ಎಂದು ಹೊರೆ ಹಂಚಿಹೋಗುತ್ತದೆ. ಇರುವುದು ಚೌಕ ಕೋಣೆ ಮಾತ್ರವೇ ಎಂದಾದರೆ ಒಂದು ಗೋಡೆಗೆ ಪುಸ್ತಕ ತುಂಬಿದ ಆಳದ ಕಪಾಟು ನಿಲ್ಲಿಸಿ. ಬೇಸ್ ಮಟ್ಟಿಗೆ ಅದು ಹೆಚ್ಚು ಮಾಡುವುದಿಲ್ಲ, ಮೇಲಿನ ಸ್ವರಗಳನ್ನು ಚದುರಿಸುತ್ತದೆ.

ಕರೆಂಟು

ಒಂದು ಡಿಜಿಟಲ್ ಮಲ್ಟಿಮೀಟರ್ ಕೊಳ್ಳಿ. ಎಸಿ 750 ವೋಲ್ಟ್ ರೇಂಜಿಗೆ ಇಟ್ಟು ಮೂರು ಪಿನ್ನಿನ ಪ್ಲಗ್ ಪಾಯಿಂಟ್ ಪರೀಕ್ಷಿಸಬೇಕು. ಅಭ್ಯಾಸವಿಲ್ಲದಿದ್ದರೆ ವೈರ್‌ಮನ್‌ನಿಂದ ಮಾಡಿಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚಿರಬಾರದು. ಫೇಸ್ ಮತ್ತು ಅರ್ಥ್ ನಡುವೆ ನೂರರ ಹತ್ತಿರ ಅಲ್ಲಾಡುವ ಅಂಕಿ ಬಂದರೆ ಅರ್ಥ್ ತಂತಿ ಎಲ್ಲೋ ಕಡಿದಿದೆ ಅಥವಾ ಹಾಕಿಯೇ ಇಲ್ಲ. ಚಿರೆಕಲ್ಲಿನ ನೆಲದಲ್ಲಿ ಇನ್ನೊಂದು ತೊಡಕು. ಮಳೆಗಾಲದಲ್ಲಿ ಸರಿ ಇದ್ದ ಅರ್ಥಿಂಗ್ ಮಾರ್ಚ್ ಬಂದಾಗ ಅರ್ಥ್ ಹೂತ ಗುಂಡಿ ಒಣಗಿ ಕೆಲಸ ನಿಲ್ಲಿಸುತ್ತದೆ. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯಿರಿ. ಮನೆಯ ಮೇನ್‌ನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದಿದ್ದರೆ ಇದೇ ಹೊತ್ತಿಗೆ ಹಾಕಿಸಿಬಿಡಿ. ಅದು ಜೀವ ಉಳಿಸುವ ಸಾಧನ.

ಸ್ಟುಡಿಯೊದ ಎಲ್ಲ ಉಪಕರಣಕ್ಕೂ ಕರೆಂಟು ಒಂದೇ ಪಾಯಿಂಟಿನಿಂದ, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಹೋಗಲಿ. ಲ್ಯಾಪ್‌ಟಾಪ್ ಒಂದು ಗೋಡೆಯಲ್ಲಿ, ಸ್ಪೀಕರ್ ಇನ್ನೊಂದು ಗೋಡೆಯಲ್ಲಿ ಇದ್ದರೆ ಎರಡು ಅರ್ಥ್‌ಗಳ ನಡುವೆ ಸುತ್ತು ಉಂಟಾಗಿ ಹಮ್ ಎಂಬ ಗುಂಯ್‌ಗುಡುವ ಸದ್ದು ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಹಮ್ ಕೇಳುವುದೂ 50 ಮತ್ತು ಅದರ ದುಪ್ಪಟ್ಟು 100ರಲ್ಲಿ. ಪತ್ತೆ ಮಾಡುವ ವಿಧಾನ ಸುಲಭ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ದೋಷ ಚಾರ್ಜರ್ ದಾರಿಯಲ್ಲಿದೆ. ಇಂಟರ್‌ಫೇಸಿನಿಂದ ಸ್ಪೀಕರಿಗೆ ಹೋಗುವ ಕೇಬಲ್ ಟಿಎಸ್ ಆಗಿದ್ದರೆ ತೆಗೆದು ಹೊರಗಿನ ಗದ್ದಲ ತಡೆಯುವ ಟಿಆರ್‌ಎಸ್ ಬ್ಯಾಲೆನ್ಸ್‌ಡ್ ಕೇಬಲ್ ಹಾಕಿ. ಜ್ಯಾಕಿನ ತುದಿಯಲ್ಲಿ ಒಂದು ಕಪ್ಪು ಗೆರೆ ಇದ್ದರೆ ಟಿಎಸ್, ಎರಡಿದ್ದರೆ ಟಿಆರ್‌ಎಸ್. ಬಹಳ ಮನೆಗಳ ಹಮ್ ಇಷ್ಟಕ್ಕೇ ಹೋಗುತ್ತದೆ. ಹಮ್ ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ಹಾಗೆ ಮಾಡಿದ ಸ್ಪೀಕರಿನ ಒಳಗೆ ತಂತಿ ಜಾರಿದರೆ ಅದರ ಲೋಹದ ಭಾಗಕ್ಕೆ ಪೂರ್ತಿ 230 ವೋಲ್ಟ್ ಬರುತ್ತದೆ. ದಯವಿಟ್ಟು ಬೇಡ.

ತೋಟದ ಪಂಪ್‌ಸೆಟ್ ಶುರುವಾದಾಗ ವೋಲ್ಟೇಜ್ ಕುಸಿಯುವುದು ಶಿರಸಿ, ಯಲ್ಲಾಪುರದ ಹಳ್ಳಿಗಳಲ್ಲಿ ದಿನದ ಮಾತು. ಇದಕ್ಕೆ ಲ್ಯಾಪ್‌ಟಾಪ್ ಅಂಜುವುದಿಲ್ಲ, ಡೆಸ್ಕ್‌ಟಾಪ್ ಮಾತ್ರ ರೀಸ್ಟಾರ್ಟ್ ಆಗಿ ರೆಕಾರ್ಡಿಂಗ್ ಅರ್ಧಕ್ಕೆ ಹೋಗುತ್ತದೆ. ನಮ್ಮ ಕಡೆ ಲ್ಯಾಪ್‌ಟಾಪ್ ಒಳ್ಳೆಯದು ಎನ್ನಲು ಇದೊಂದೇ ಕಾರಣ ಸಾಕು. ಇನ್ವರ್ಟರ್ ಕೊಳ್ಳುವುದಾದರೆ ಪ್ಯೂರ್ ಸೈನ್‌ವೇವ್ ಎಂದು ಬರೆದಿರುವುದನ್ನೇ ಕೊಳ್ಳಿ. ಸ್ಕ್ವೇರ್‌ವೇವ್ ಇನ್ವರ್ಟರ್‌ನಲ್ಲಿ ಸ್ಪೀಕರ್ ಝೇಂಕರಿಸುತ್ತಲೇ ಇರುತ್ತದೆ. 12 ವೋಲ್ಟ್, 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿಯ ಲೆಕ್ಕ 1,800 ವ್ಯಾಟ್ ಅವರ್. ಬ್ಯಾಟರಿಯನ್ನು ಪೂರ್ತಿ ಬಸಿಯದೆ ಅರ್ಧವನ್ನೇ ಬಳಸಿದರೂ 120 ವ್ಯಾಟಿನ ಚಿಕ್ಕ ಸ್ಟುಡಿಯೊ ಆರೇಳು ಗಂಟೆ ಓಡುತ್ತದೆ.

ಸಿಡಿಲಿನ ವಿಚಾರದಲ್ಲಿ ರಾಜಿ ಬೇಡ. ಸ್ಪೈಕ್ ಗಾರ್ಡ್ ಸಣ್ಣಪುಟ್ಟ ಏರಿಳಿತ ತಡೆಯುತ್ತದೆ, ಹತ್ತಿರದ ಸಿಡಿಲನ್ನು ತಡೆಯುವುದಿಲ್ಲ. ಏಪ್ರಿಲ್, ಮೇ ಸಂಜೆಗಳಲ್ಲಿ ಮತ್ತು ಅಕ್ಟೋಬರ್‌ನಲ್ಲಿ ಮೋಡ ಕಟ್ಟಿ ದೂರದ ಗುಡುಗು ಕೇಳಿದ ಕೂಡಲೇ ಗೋಡೆಯಿಂದ ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್ಚಿನ ಒಳಗಿನ ಅಂತರವನ್ನು ಸಿಡಿಲು ಹಾರುತ್ತದೆ. ಬ್ರಾಡ್‌ಬ್ಯಾಂಡ್ ತಾಮ್ರದ ತಂತಿಯಲ್ಲಿ ಬರುತ್ತಿದ್ದರೆ ರೌಟರಿನಿಂದ ಲ್ಯಾಪ್‌ಟಾಪಿಗೆ ಹೋದ ಕೇಬಲನ್ನೂ ತೆಗೆಯಿರಿ.

ತೇವ

ಇನ್ನೂರು ಮುನ್ನೂರು ರೂಪಾಯಿಯ ತೇವ ಅಳೆಯುವ ಡಿಜಿಟಲ್ ಹೈಗ್ರೋಮೀಟರ್ ಮೇಜಿನ ಮೇಲಿರಲಿ. ಕೋಣೆಯ ತೇವಾಂಶ ಶೇ 60ರ ಒಳಗಿದ್ದರೆ ಚಿಂತೆ ಇಲ್ಲ. ಶೇ 80 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು, ತುಕ್ಕು ಎರಡೂ ಖಂಡಿತ. ಮೈಕ್, ಹೆಡ್‌ಫೋನ್, ಹಾರ್ಡ್‌ಡಿಸ್ಕ್ ಇಡಲು ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ ಬೇಕು. 15ರಿಂದ 20 ಲೀಟರಿನ ಡಬ್ಬಿಗೆ ಅರ್ಧ ಕಿಲೊ ಸಿಲಿಕಾ ಜೆಲ್ ಹತ್ತಿ ಬಟ್ಟೆಯಲ್ಲಿ ಕಟ್ಟಿ ಇಟ್ಟು, ಒಳಗೆ ಇನ್ನೊಂದು ಹೈಗ್ರೋಮೀಟರ್ ಇಡಿ. 40ರಿಂದ 50ರ ನಡುವೆ ನಿಲ್ಲಬೇಕು. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ನೀರು ಹೀರಿ ತುಂಬಿದೆ ಎಂದರ್ಥ, ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮೊದಲಿನ ಬಣ್ಣಕ್ಕೆ ಬರುತ್ತದೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಮನೆಯ ಹತ್ತಿರ ಅದು ಬೇಡ. ಅಕ್ಕಿ ಹಾಕಿಡುವ ರೂಢಿಯನ್ನೂ ಬಿಡಿ. ಅದರ ಪುಡಿ ಜ್ಯಾಕಿನೊಳಗೆ ಸೇರುತ್ತದೆ, ಇರುವೆಯೂ ಬರುತ್ತದೆ.

ಡಬ್ಬಿಗೆ ಹಿಡಿಸದ ಸ್ಪೀಕರ್, ಇಂಟರ್‌ಫೇಸ್, ಕೀಬೋರ್ಡುಗಳಿಗೆ ಅತ್ಯುತ್ತಮ ಔಷಧವೆಂದರೆ ದಿನಾ ಬಳಸುವುದು. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಚಾಲೂ ಇಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಕೂಡಿಹಾಕುತ್ತದೆ, ಹಳೆಯ ಪಂಚೆ ಹೊದಿಸಿದರೆ ಸಾಕು. ಕರಾವಳಿಯಲ್ಲಿ ಮಧ್ಯಾಹ್ನದಿಂದ ಸಂಜೆವರೆಗೆ ಗಾಳಿ ಕಡಲಿನಿಂದ ಬೀಸುತ್ತದೆ, ಆಗ ಕಡಲ ಬದಿಯ ಕಿಟಕಿ ಮುಚ್ಚಿರಲಿ. ಎಸಿ ಇದ್ದವರು ಆರಿಸಿದ ತಕ್ಷಣ ಕಿಟಕಿ ತೆರೆಯಬಾರದು, ತಣ್ಣಗಿರುವ ಲೋಹದ ಮೇಲೆ ಹೊರಗಿನ ಹಬೆ ನೀರಾಗಿ ಕೂರುತ್ತದೆ. ಕರಕರ ಎನ್ನುವ ಗುಂಡಿಗೆ ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಇಪ್ಪತ್ತು ಸಲ ತಿರುಗಿಸಿ. ತುಕ್ಕು ಬಿಡಿಸುವ ಸಾಮಾನ್ಯ ಎಣ್ಣೆ ಸ್ಪ್ರೇ ಅಲ್ಲಿಗೆ ಬೇಡ, ಅದರ ಜಿಡ್ಡಿಗೆ ಧೂಳು ಅಂಟುತ್ತದೆ.

ಮೇಜು, ಸ್ಪೀಕರ್, ಪ್ಯಾನೆಲ್

ನಾಲ್ಕಡಿ ಉದ್ದ, ಎರಡಡಿ ಅಗಲದ ಮೇಜು ಸಾಕು. ಪ್ಲೈವುಡ್ ಮೇಲೆ ಐಎಸ್ 710 ಮುದ್ರೆ ನೋಡಿ, ಅದೇ ಮೆರೈನ್ ಪ್ಲೈ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದಿರಲಿ. 10x12 ಕೋಣೆಯಲ್ಲಿ ಮೇಜನ್ನು ಹತ್ತಡಿ ಗೋಡೆಗೆ ಎದುರಾಗಿ, ನಡುವಿಗೆ ಇಡಿ. ನಿಮ್ಮ ತಲೆ ಎದುರು ಗೋಡೆಯಿಂದ ಕೋಣೆಯ ಉದ್ದದ ಶೇ 38ರಷ್ಟು, ಅಂದರೆ ಸುಮಾರು ನಾಲ್ಕೂವರೆ ಅಡಿ ದೂರದಲ್ಲಿದ್ದರೆ ಬೇಸ್ ಹೆಚ್ಚು ಸಮವಾಗಿ ಕೇಳುತ್ತದೆ. ಕೋಣೆಯ ನಟ್ಟನಡುವೆ ಕೂತರೆ ಮೊದಲ ಬೇಸ್ ಸ್ವರವೇ ಮಾಯ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಮೂರೂ ಬದಿ ಸಮನಾದ ತ್ರಿಕೋನವಾಗಬೇಕು, ಬದಿ ಮೂರು ಅಡಿ ಇರಲಿ. ಸ್ಪೀಕರಿನ ಮೇಲಿನ ಚಿಕ್ಕ ಕೋನ್ ಕಿವಿಯ ಎತ್ತರಕ್ಕೆ ಬರಬೇಕು. ಈ ಅಳತೆಯ ಕೋಣೆಗೆ ಐದಿಂಚಿನ ಸ್ಪೀಕರ್ ಧಾರಾಳ, ಎಂಟಿಂಚಿನದು ತಂದರೆ ಕೋಣೆಯೇ ಮೊರೆಯುತ್ತದೆ.

ಮೊಟ್ಟೆಯ ಟ್ರೇ ಅಂಟಿಸಿದರೆ ಸದ್ದು ಹೊರಗೆ ಹೋಗುವುದೂ ನಿಲ್ಲುವುದಿಲ್ಲ, ಒಳಗಿನ ಬೇಸೂ ತಗ್ಗುವುದಿಲ್ಲ. ಬೇಕಾದ್ದು ಸದ್ದು ಹೀರುವ ರಾಕ್‌ವೂಲ್, ಅಂದರೆ ಕಲ್ಲಿನ ನಾರು. ಘನಮೀಟರಿಗೆ 48 ಕಿಲೊ ಸಾಂದ್ರತೆಯ, 50 ಮಿಲಿಮೀಟರ್ ದಪ್ಪದ ಹಲಗೆ ತನ್ನಿ. ಎರಡು x ನಾಲ್ಕು ಅಡಿಯ ಮರದ ಚೌಕಟ್ಟಿಗೆ ಕೂರಿಸಿ, ಬಾಯಿಂದ ಊದಿದರೆ ಗಾಳಿ ದಾಟುವಂಥ ಹತ್ತಿ ಬಟ್ಟೆ ಹೊದಿಸಿದರೆ ಪ್ಯಾನೆಲ್ ಸಿದ್ಧ. ಕತ್ತರಿಸುವಾಗ ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಬೇಕೇ ಬೇಕು. ಮೊದಲ ಪ್ರತಿಫಲನದ ಜಾಗ, ಅಂದರೆ ಸ್ಪೀಕರಿನ ಸದ್ದು ಗೋಡೆಗೆ ಬಡಿದು ಕಿವಿಗೆ ಬರುವ ಜಾಗ ಹುಡುಕಲು ನೀವು ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಸರಿಸಲಿ, ಸ್ಪೀಕರ್ ಕಂಡಲ್ಲಿ ಪ್ಯಾನೆಲ್. ಎರಡೂ ಗೋಡೆಗೆ ಒಂದೊಂದು, ಎದುರಿನ ಎರಡು ಮೂಲೆಗೆ ಎರಡು ಪದರ ಸೇರಿಸಿ 100 ಮಿಲಿಮೀಟರಿನದು ಓರೆಯಾಗಿ. ಗೋಡೆಗೆ ತಾಗಿಸದೆ ಎರಡಿಂಚು ಬಿಡಿ. ಆ ಸಂದಿನಿಂದ ಬೇಸ್ ಇನ್ನಷ್ಟು ಹೀರುತ್ತದೆ, ಹಿಂದೆ ಗಾಳಿಯಾಡಿ ಬೂಷ್ಟು ಹಿಡಿಯುವುದಿಲ್ಲ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯದೆ ಕಾಲಿಟ್ಟು ನಿಲ್ಲಿಸಬಹುದು. ಗೆದ್ದಲು ಬರುವ ಮನೆಯಾದರೆ ಕಾಲಿನ ಕೆಳಗೆ ಟೈಲ್ಸ್ ತುಂಡು ಇಡಿ. ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವದಿಯಂಥ ದಪ್ಪ ಹೊದಿಕೆ ಹಿಂದಿನ ಗೋಡೆಗೆ ತೂಗಿದರೆ ಚಪ್ಪಾಳೆಯ ಮಾರ್ದನಿ ಅಡಗುತ್ತದೆ, ಬೇಸ್‌ಗೆ ಅದು ಸಾಲದು.

ಇಂಟರ್‌ಫೇಸ್, ಸಾಫ್ಟ್‌ವೇರ್

ಎರಡು ಇನ್‌ಪುಟ್, ಎರಡು ಔಟ್‌ಪುಟ್ ಇರುವ ಇಂಟರ್‌ಫೇಸ್ ಸಾಕು. ವಿಂಡೋಸ್ ಬಳಸುವವರು ಕಂಪನಿಯೇ ಕೊಡುವ ಎಎಸ್‌ಐಒ (ಸದ್ದು ತಡವಾಗದಂತೆ ನೋಡುವ) ಡ್ರೈವರ್ ಇದೆಯೇ ಎಂದು ನೋಡಿಯೇ ಕೊಳ್ಳಿ. ಸೆಟ್ಟಿಂಗ್ 48 ಕಿಲೊಹರ್ಟ್ಸ್, 24 ಬಿಟ್. ಕೀಬೋರ್ಡ್ ನುಡಿಸುವಾಗ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕು) 128 ಸ್ಯಾಂಪಲ್, ಅಂದರೆ 2.7 ಮಿಲಿಸೆಕೆಂಡ್. ದನಿಗಳನ್ನು ಹದವಾಗಿ ಸೇರಿಸುವ ಮಿಕ್ಸಿಂಗ್ ವೇಳೆ 1,024ಕ್ಕೆ ಏರಿಸಿ. 128ರಲ್ಲಿ ಪಟಪಟ ಸದ್ದು ಬಂದರೆ ವೈಫೈ ಆರಿಸಿ, ಪವರ್ ಸೇವರ್ ತೆಗೆದು ನೋಡಿ. ಸಾಫ್ಟ್‌ವೇರ್‌ಗೆ ಹಣ ಸುರಿಯುವ ಅಗತ್ಯವಿಲ್ಲ. ಹಾಡು ಕಟ್ಟುವ ರೀಪರ್ 60 ದಿನ ಉಚಿತವಾಗಿ ನೋಡಲು ಸಿಗುತ್ತದೆ, ಎಲ್‌ಎಂಎಂಎಸ್ ಪೂರ್ತಿ ಉಚಿತ, ಸಿಂಥ್‌ಗೆ (ಎಲೆಕ್ಟ್ರಾನಿಕ್ ದನಿ ಹುಟ್ಟಿಸುವ ವಾದ್ಯಕ್ಕೆ) ಸರ್ಜ್ ಎಕ್ಸ್‌ಟಿ ಮತ್ತು ವೈಟಲ್ ಇವೆ. ಹಾರ್ಮೋನಿಯಂ ಜತೆ ಹಾಡುವವರು ಕಪ್ಪು ಒಂದು ಎಂದರೆ ಸಿ ಶಾರ್ಪ್, ಬಿಳಿ ನಾಲ್ಕು ಎಂದರೆ ಎಫ್ ಎಂದು ಹಾಕಿಕೊಳ್ಳಿ. ಸರ್ಜ್‌ನಲ್ಲಿ ಸ್ಕಾಲಾ (ಸ್ವರಗಳ ಅಂತರದ ಪಟ್ಟಿ) ಫೈಲ್ ಹಾಕಿ ಶ್ರುತಿಯ ಅಂತರಗಳನ್ನೂ ಬದಲಿಸಬಹುದು.

ಊರಿನ ವಾದ್ಯ

ಸಿಂಥ್ ಎಲ್ಲರಲ್ಲೂ ಇರುತ್ತದೆ, ಮಣ್ಣಿನ ಗುಮಟೆ, ಯಕ್ಷಗಾನದ ಚಂಡೆ ನಮ್ಮಲ್ಲಿವೆ. ಅವನ್ನು ಸ್ಯಾಂಪಲ್ ಮಾಡಿಕೊಳ್ಳಲು (ದನಿಯ ತುಣುಕುಗಳಾಗಿ ಹಿಡಿದಿಡಲು) ಡೈನಾಮಿಕ್ ಮೈಕ್ ತನ್ನಿ, ಕಂಡೆನ್ಸರ್‌ಗಿಂತ ತೇವವನ್ನು ಚೆನ್ನಾಗಿ ತಾಳುತ್ತದೆ. ಚಂಡೆಗೆ ಮೂರಡಿ ದೂರದಿಂದ ಹಿಡಿದು, ಅತಿ ಜೋರಿನ ಪೆಟ್ಟು ಮೈನಸ್ 12 ಡೆಸಿಬಲ್ ದಾಟದಂತೆ ಗೇನ್ (ಮೈಕಿನ ದನಿ ಹಿಗ್ಗಿಸುವ ಮಟ್ಟ) ಇಡಿ. ಗುಮಟೆಯ ಜೀವ ಚರ್ಮವಿಲ್ಲದ ಇನ್ನೊಂದು ಬಾಯಿಯನ್ನು ಎಡಗೈ ಮುಚ್ಚಿ ತೆರೆಯುವುದರಲ್ಲಿದೆ. ಹಾಗಾಗಿ ಚರ್ಮದ ಕಡೆ ಒಂದು, ಆ ಬಾಯಿಯ ಕಡೆ ಒಂದು ಮೈಕ್ ಇಟ್ಟು, ಎರಡನ್ನೂ ಸೇರಿಸಿದಾಗ ದನಿ ತೆಳುವಾದರೆ ಒಂದರ ಫೇಸ್ (ಶಬ್ದದ ಅಲೆಯ ದಿಕ್ಕು) ತಿರುಗಿಸಿ. ಕೈ ಮುಚ್ಚಿದ, ಅರ್ಧ ತೆರೆದ, ಪೂರ್ತಿ ತೆರೆದ ದನಿಗಳನ್ನು ಬೇರೆ ಬೇರೆ ಹಿಡಿಯಬೇಕು. ಪ್ರತಿಯೊಂದಕ್ಕೂ ಮೆಲ್ಲಗೆ, ಮಧ್ಯಮ, ಜೋರು ಎಂದು ಮೂರು ಬಲ, ಬಲಕ್ಕೆ ನಾಲ್ಕು ಪೆಟ್ಟು, ಒಟ್ಟು 36. ಒಂದೇ ಪೆಟ್ಟನ್ನು ಮತ್ತೆ ಮತ್ತೆ ಬಳಸಿದರೆ ಯಂತ್ರದ ಸದ್ದು ಎಂದು ಕೂಡಲೇ ಗೊತ್ತಾಗುತ್ತದೆ. ನುಡಿಸಿದವರ ಒಪ್ಪಿಗೆ, ಅವರಿಗೆ ಸಲ್ಲುವ ಸಂಭಾವನೆ, ಹಾಡು ಹೊರಬಂದಾಗ ಅವರ ಹೆಸರು ಹಾಕುವ ಮಾತು ಇವನ್ನೆಲ್ಲ ಮೈಕ್ ಚಾಲೂ ಮಾಡುವ ಮೊದಲೇ ಮುಗಿಸಿಕೊಳ್ಳಿ. ಮೊನೊ ರೆಕಾರ್ಡಿಂಗ್ ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ. ಆ ದಿನವೇ ಒಂದು ಪ್ರತಿ ಹೊರಗಿನ ಡಿಸ್ಕಿಗೆ, ಇನ್ನೊಂದು ಕ್ಲೌಡಿಗೆ ಹೋಗಲಿ, ಡಿಸ್ಕ್ ಮರಳಿ ಜೆಲ್ ಡಬ್ಬಿಗೆ.